ನಾನು ಬರೆದುಕೊಡದ ಚೀಟಿ

ಹೊಸ ಪ್ಲಾಸ್ಟಿಕ್ಕಿಗೆ ಒಂದು ರುಚಿ ಇರುತ್ತದೆ. ಹೋದ ವಾರ ತಾವರಗೇರಾದಲ್ಲಿ ನೆಂಟರ ಮನೆಯ ಬಸುರಿಯ ಕುಬಸದ ಊಟ ಮುಗಿಸಿ ಬೈಕಿನಲ್ಲಿ ಕುಷ್ಟಗಿ ಕಡೆ ಬರುತ್ತಿದ್ದೆ. ಸಂಜೆಯ ಹೊತ್ತು. ಪೊಲೀಸರು ಕೈ ಅಡ್ಡ ಹಿಡಿದರು. ನನ್ನ ಮಗನ ವಯಸ್ಸಿನ ಪೇದೆಯೊಬ್ಬ ಕುಡಿದದ್ದು ಪತ್ತೆ ಮಾಡುವ, ಬಿಳಿ ಕೊಳವೆ ಸಿಕ್ಕಿಸಿದ ಯಂತ್ರವನ್ನು ನನ್ನ ಬಾಯಿಗೆ ಹಿಡಿದು, "ಊದ್ರಿ ಯಜಮಾನ್ರ, ಜೋರ್ ಊದ್ರಿ" ಅಂದ. ಊದಿದೆ. ಕೊಳವೆ ತುಟಿಗೆ ತಗುಲಿದಾಗಲೇ ಅದಕ್ಕೊಂದು ರುಚಿ ಇದೆ ಎಂದು ತಿಳಿದದ್ದು. ಹದಿಮೂರು ವರ್ಷ ಬಸ್ ಡಿಪೋದ ಗೇಟಿನಲ್ಲಿ ಕಾವಲಿಗೆ ಕುಳಿತು, ಡ್ಯೂಟಿಗೆ ಬಂದ ಒಬ್ಬೊಬ್ಬ ಚಾಲಕನ ಬಾಯಿಗೂ ಇದನ್ನೇ ಹಿಡಿದವನು ನಾನು. ನಾನೇ ಊದಿದ್ದು ಇದೇ ಮೊದಲು.

ಯಂತ್ರ ಕುಂಯ್ ಅಂದಿತು. ಪೇದೆ ನೋಡಿ, "ಏನಿಲ್ಲ, ಹೋಗ್ರಿ" ಅಂದ. ನಾನು ಹೋಗಲಿಲ್ಲ.

"ಎಷ್ಟು ಬಂತು, ತೋರಸ್ರಿ ಸಾಹೇಬ್ರ" ಅಂದೆ.

ಕುಡಿಯದವನೊಬ್ಬ ಹೀಗೆ ಕೇಳಿದ್ದನ್ನು ಆತ ಎಂದೂ ಕಂಡಿರಲಿಕ್ಕಿಲ್ಲ. ನನ್ನ ಮುಖವನ್ನೇ ಒಂದು ಗಳಿಗೆ ನೋಡಿದ. ಆ ಮಾತು ನನ್ನದಾಗಿರಲಿಲ್ಲ. ಅದು ಕಾಕಾ ದಿನಾ ಬೆಳಿಗ್ಗೆ ನನ್ನೆದುರು ಆಡುತ್ತಿದ್ದ ಮಾತು...

ಕಾಕಾ ನಮ್ಮ ಡಿಪೋದ ಹಳೆಯ ಚಾಲಕರು. ಮ್ಯಾನೇಜರಿನಿಂದ ಹಿಡಿದು ಬಸ್ಸು ತೊಳೆಯುವವರ ತನಕ ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದರು, ನಾನೂ ಕರೆದೆ. ಯಲಬುರ್ಗಾ ಕಡೆಗೆ ಹೋಗುವ ಬೆಳಗಿನ ಮೊದಲ ಬಸ್ಸು ಅವರದು. ಶಾಲೆ ಕಾಲೇಜಿನ ಮಕ್ಕಳು, ಸಂತೆಗೆ ಹೊರಟ ಹೆಂಗಸರು, ಒಮ್ಮೊಮ್ಮೆ ಇಟಗಿಯ ಗುಡಿ ನೋಡಲು ಬಂದು ದಾರಿ ತಪ್ಪಿದ ಪರಊರಿನವರು, ಹೀಗೆ ಬಾಗಿಲ ತನಕ ತುಂಬಿಕೊಂಡು ಹೋಗುತ್ತಿದ್ದರು. ಕಾಕಾ ಸ್ಟೇರಿಂಗ್ ಹಿಡಿದರೆ ತೊಡೆಯ ಮೇಲಿನ ಕೂಸಿಗೆ ಎಚ್ಚರವಾಗುವುದಿಲ್ಲ ಎಂದು ಹೆಂಗಸರು ಹೊಗಳುತ್ತಿದ್ದರು. ಕುಡಿತದಲ್ಲೂ ಅವರ ಹೆಸರು ಅಷ್ಟೇ ದೊಡ್ಡದಿತ್ತು.

ನಮ್ಮಿಬ್ಬರ ಪರಿಚಯವಾದದ್ದು ಜಗಳದಿಂದ. ಒಂದು ಬೆಳಿಗ್ಗೆ ಊದಿಸಿದಾಗ ಸೊನ್ನೆ ಬರಬೇಕಾದಲ್ಲಿ ನಲವತ್ತೆರಡು ಬಂತು.

"ರಾತ್ರಿ ಕುಡದದ್ದೋ ಮಾರಾಯ. ಮುಂಜಾನಿ ಒಂದ್ ಹನಿ ಮುಟ್ಟಿದ್ರ ಹೇಳು" ಅಂದರು.

ಅವರು ಸುಳ್ಳು ಹೇಳಲಿಲ್ಲ. ಎಷ್ಟೋ ಮಂದಿ ತಿಳಿಯುವುದೇ ಹೀಗೆ. ಮಲಗಿ ಎದ್ದು ಮುಖ ತೊಳೆದರೆ ಎಲ್ಲ ಇಳಿಯಿತು ಎಂದುಕೊಳ್ಳುತ್ತಾರೆ. ಆದರೆ ಬೆಳಗಾದದ್ದು ರಕ್ತಕ್ಕೆ ಗೊತ್ತಾಗುವುದಿಲ್ಲ. ಕೈ ನಡುಗದಿರಬಹುದು, ನಾಲಿಗೆ ತೊದಲದಿರಬಹುದು. ಎಮ್ಮೆ ಅಡ್ಡ ಬಂದಾಗ ಬ್ರೇಕಿನ ಮೇಲೆ ಕಾಲು ಹೋಗುವುದು ಮಾತ್ರ ಒಂದು ಗಳಿಗೆ ತಡವಾಗುತ್ತದೆ, ಮತ್ತು ಬಸ್ಸಿನಲ್ಲಿ ಐವತ್ತು ಜನ ಕುಳಿತಿರುತ್ತಾರೆ. ನಾನು ಡ್ಯೂಟಿ ತಡೆದೆ. ಕಾಕಾ ನನ್ನ ಅಪ್ಪ ಅಜ್ಜನನ್ನೆಲ್ಲ ಎತ್ತಿ ಬೈದರು. ಅಂಗಿಯ ಜೇಬಿನಿಂದ ಹವೀಜದ ಕಾಳು, ಅಂದರೆ ಕೊತ್ತಂಬರಿ ಬೀಜ, ತೆಗೆದು ನನ್ನ ಮೇಜಿನ ಮೇಲೆ ಚೆಲ್ಲಿ ಹೋದರು. ಬಾಯಿಯ ವಾಸನೆ ಮುಚ್ಚಲು ಚಾಲಕರು ಹವೀಜ ಅಗಿಯುತ್ತಿದ್ದರು, ಪೇರಲ ಎಲೆ, ಹಸಿ ಉಳ್ಳಾಗಡ್ಡಿ ಏನೆಲ್ಲ ಅಗಿಯುತ್ತಿದ್ದರು. ಮೂಗಿಗಾದರೆ ಅದು ಸರಿ, ಯಂತ್ರದ ಮುಂದೆ ನಡೆಯುವುದಿಲ್ಲ.

ಅವರಿಗೆ ಅಮಾನತ್ತಾಯಿತು. ಆ ದಿನಗಳಲ್ಲೇ ಅವರ ಹೆಂಡತಿ ತೀರಿಕೊಂಡರು. ಆ ಹೊತ್ತಿಗೆ ಕಾಕಾ ಕಾರಟಗಿಯಲ್ಲಿ, ಅಕ್ಕಿ ಗಿರಣಿಗಳ ಹಿಂದಿನ ಒಂದು ಅಂಗಡಿಯಲ್ಲಿ ಮೈಮೇಲೆ ಎಚ್ಚರವಿಲ್ಲದೆ ಬಿದ್ದಿದ್ದರು. ಹುಡುಕಿ ಕರೆತರುವಷ್ಟರಲ್ಲಿ ಮಣ್ಣು ಮುಗಿದಿತ್ತು. ಇದ್ದವಳು ಒಬ್ಬಳೇ ಮಗಳು. ಗಂಗಾವತಿಗೆ ಕೊಟ್ಟಿದ್ದರು. ಕಂಕುಳಲ್ಲಿ ಐದು ತಿಂಗಳ ಹೆಣ್ಣು ಕೂಸು ಹೊತ್ತುಕೊಂಡು ನಿಂತಿದ್ದ ಆ ಮಗಳು ಅಪ್ಪನಿಗೆ ಹೇಳಿದ್ದನ್ನು ಕಾಕಾ ಎಷ್ಟೋ ದಿನದ ಮೇಲೆ ನನಗೆ ಇದ್ದದ್ದು ಇದ್ದ ಹಾಗೇ ಒಪ್ಪಿಸಿದ್ದರು.

"ನಿನ್ನ ದೇವರಾಣಿ ಭಾಳ ಕೇಳೀನಪ್ಪ. ಒಂದು ವರ್ಷ ಕುಡೀದ ಇರು. ನಿನ್ನ ಮಾತು ನನಗ ಬ್ಯಾಡ, ಆ ಮಿಷನ್ ಏನ್ ಹೇಳ್ತೈತಿ ಬರಿಸ್ಕೊಂಡು ಕಳಸು. ಆಮ್ಯಾಲ ನನ್ನ ಮನಿ ಹೊಸ್ತಲಾ ದಾಟು, ನನ್ನ ಕೂಸಿನ್ನ ಎತ್ಕೋ."

ಅಮಾನತ್ತು ಮುಗಿಸಿ ಡ್ಯೂಟಿಗೆ ಬಂದ ಮೊದಲ ದಿನ ಕಾಕಾ ಬೇರೆಯೇ ಮನುಷ್ಯ. ಗಡ್ಡ ಬೋಳಿಸಿದ್ದರು. ಯಂತ್ರದ ಮುಂದೆ ಕಣ್ಣು ಮುಚ್ಚಿ, ದೇವರ ದೀಪ ಆರಿಸಿಬಿಟ್ಟೇನು ಎಂಬ ಹೆದರಿಕೆ ಇದ್ದವರ ಹಾಗೆ ಊದಿದರು. "ಜೋರ್ ಊದ್ರಿ ಕಾಕಾ" ಎಂದು ನಾನು ಗದರಿದೆ. ಮತ್ತೆ ಊದಿದರು. ಸೊನ್ನೆ.

"ತೋರಸ್ರಿ ಸಾಹೇಬ್ರ" ಎಂದು ಬಾಗಿ ನೋಡಿದರು. ಆಮೇಲೆ ಸಂಕೋಚದಿಂದ, "ಇದನ್ನ ಒಂದು ಚೀಟಿಮ್ಯಾಲ ಬರದ್ ಕೊಡ್ತೀರೇನ್ರಿ?" ಎಂದು ಕೇಳಿದರು.

ನಮ್ಮ ಆಗಿನ ಯಂತ್ರ ಅಂಕಿ ತೋರಿಸುತ್ತಿತ್ತೇ ಹೊರತು ಕಾಗದ ಕೊಡುತ್ತಿರಲಿಲ್ಲ. ಗೋಡೆಯ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಅದರ ಬೆನ್ನಿಗೆ ತಾರೀಖು ಹಾಕಿ, ಮುಂದೆ ಸೊನ್ನೆ ಬರೆದು ಸಹಿ ಮಾಡಿಕೊಟ್ಟೆ. ಅದು ದಿನದ ರೂಢಿಯಾಯಿತು. ವಾರದ ಚೀಟಿಗಳನ್ನು ದಾರದಲ್ಲಿ ಕಟ್ಟಿ, ಗಂಗಾವತಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಮಗಳಿಗೆ ಕಳಿಸುತ್ತಿದ್ದರು. ಅಲ್ಲಿಂದ ಉತ್ತರ ಬರುತ್ತಿರಲಿಲ್ಲ. "ಇಸ್ಕೋತಾಳ, ಒಳಗ ಹೋಗ್ತಾಳ" ಎಂದಷ್ಟೇ ಕಂಡಕ್ಟರ್ ಹೇಳುತ್ತಿದ್ದ. ನಾಲ್ಕನೆಯ ತಿಂಗಳಲ್ಲಿ ಒಮ್ಮೆ ಸ್ಟೀಲಿನ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಬಂತು. ಕಾಕಾ ಅದನ್ನು ಚೂರು ಚೂರು ಮುರಿದು ಇಡೀ ಡಿಪೋಗೆ ಹಂಚಿದರು. ತಮಗೆ ಉಳಿದದ್ದು ಅಂಗೈಯಲ್ಲಿನ ಪುಡಿ ಮಾತ್ರ. ಅದನ್ನೇ ನೆಕ್ಕಿ ನಕ್ಕರು.

ವಾರದ ರಜೆಯ ದಿನವೂ ಊದಲು ಬರುತ್ತಿದ್ದರು. "ಇವತ್ತರ ಮಲಗಬಾರದೇನ್ರಿ?" ಎಂದು ಚೇಷ್ಟೆ ಮಾಡಿದರೆ, ನಗದೆ ಹೇಳಿದ್ದರು.

"ಮನಿಯಾಗ ಗ್ವಾಡಿ ಬಿಟ್ರ ಯಾರಿಲ್ರಿ. ಸಂಜಿ ಆತಂದ್ರ ಕಾಲು ಅತ್ತಾಗ ಎಳಿತಾವ. ಮುಂಜಾನಿ ನಿಮ್ಮ ಮುಂದ ಊದಬೇಕು ಅನ್ನೂದು ನೆನಪಾದ್ರ ನಿಲ್ತಾವ."

ವಾಸನೆ ಮುಚ್ಚಲು ಎಂದು ಯಾರಾದರೂ ತಿಳಿದಾರೆಂದು ಚಹಾಕ್ಕೆ ಯಾಲಕ್ಕಿ ಹಾಕಿಸುವುದನ್ನೂ ಬಿಟ್ಟಿದ್ದರು. ಎದುರಿನ ಚಹಾದಂಗಡಿಯಲ್ಲಿ ಒಬ್ಬರೇ ಕುಳಿತು ಸಪ್ಪೆ ಚಹಾ ಕುಡಿಯುತ್ತಿದ್ದರು. ಹಳೆಯ ಕುಡಿತದ ಗೆಳೆಯರು ದೂರವಾಗಿದ್ದರು. ಕುಡಿಯದವರಿಗೆ ಅವರ ಮೇಲೆ ಇನ್ನೂ ನಂಬಿಕೆ ಬಂದಿರಲಿಲ್ಲ. ಈಗ ಯೋಚಿಸಿದರೆ, ದಿನಕ್ಕೊಮ್ಮೆ ಅವರೊಂದಿಗೆ ಮಾತಾಡುತ್ತಿದ್ದವನು ನಾನೊಬ್ಬನೇ ಇರಬೇಕು...

ಎಂಟನೆಯ ತಿಂಗಳಲ್ಲಿ ಕಾಕಾ ನಿವೃತ್ತರಾದರು. ಶಾಲು, ಹಾರ, ಫೋಟೋ ಎಲ್ಲ ಆಯಿತು. ಮರುದಿನ ಬೆಳಿಗ್ಗೆ ಬಿಳಿ ಅಂಗಿ ಹಾಕಿಕೊಂಡು ಎಂದಿನ ಹೊತ್ತಿಗೆ ಗೇಟಿನಲ್ಲಿ ಹಾಜರು. ನನಗೂ ನಗು ಬಂತು. ಊದಿಸಿದೆ, ಬರೆದುಕೊಟ್ಟೆ. ಹೀಗೆ ಒಂದೂವರೆ ತಿಂಗಳು ನಡೆಯಿತು. ಹುಡುಗ ಚಾಲಕರು ಸಾಲಿನಲ್ಲಿ ನಿಂತು, "ಕಾಕಾ, ಮನಿಗೂ ಡ್ಯೂಟಿ ಹಚ್ಯಾರೇನ್ರಿ?" ಎಂದು ಕಾಲೆಳೆಯುತ್ತಿದ್ದರು. ಅವರು ತಲೆ ತಗ್ಗಿಸಿ ನಗುತ್ತಿದ್ದರು.

ಒಂದು ದಿನ ಹೊಸದಾಗಿ ಬಂದ ಅಧಿಕಾರಿ ಗೇಟಿನಲ್ಲಿ ನಿಂತು, "ಇವರು ಯಾರು?" ಎಂದು ಕೇಳಿದರು. ಅಷ್ಟೇ ಕೇಳಿದ್ದು. ಊದಿಸಬೇಡ ಅನ್ನಲಿಲ್ಲ, ಸಿಟ್ಟೂ ಮಾಡಲಿಲ್ಲ. ನನ್ನ ಪುಕ್ಕಲುತನಕ್ಕೆ ಅಷ್ಟು ಸಾಕಾಯಿತು. ನಾಳೆ ಇದು ನನ್ನ ಕೊರಳಿಗೆ ಬಂದರೆ ಎಂದು ಮನೆಗೆ ಹೋದರೂ ಅದೇ ಯೋಚನೆ. ಮರುದಿನ ಬೆಳಿಗ್ಗೆ ಕಾಕಾ ಬಂದಾಗ ಯಂತ್ರವನ್ನು ಡ್ರಾದಲ್ಲಿ ಇಟ್ಟು ಹೇಳಿದೆ.

"ಕಾಕಾ, ಇನ್ನ ಬರಬ್ಯಾಡ್ರಿ. ಇದು ಡ್ಯೂಟಿಮ್ಯಾಲ ಇದ್ದವರಿಗಷ್ಟ. ನಿಮಗ ಈಗ ಡ್ಯೂಟಿ ನಂಬರ್ ಇಲ್ಲ."

"ಇನ್ನ ಎರಡೂವರಿ ತಿಂಗಳ ಐತ್ರಿ ಸಾಹೇಬ್ರ" ಅಂದರು.

"ದವಾಖಾನ್ಯಾಗ ಕೇಳ್ರಿ."

"ದಿನಾ ಯಾರ್ ಮಾಡ್ತಾರ್ರಿ..." ಎನ್ನುತ್ತ ಮೇಜಿನ ಮೇಲೆ ಬಾಗಿ ಬಾಯಿ ತೆರೆದರು. "ಹೋಗ್ಲಿ, ಮೂಸಿ ನೋಡಿಯರ ಬರದ್ ಕೊಡ್ರಿ."

ಅವರ ಉಸಿರು ನನ್ನ ಮುಖಕ್ಕೆ ಬಡಿಯಿತು. ಹಲ್ಲುಪುಡಿಯ ವಾಸನೆ, ಸಪ್ಪೆ ಚಹಾದ ವಾಸನೆ. ಬೇರೆ ಏನೂ ಇರಲಿಲ್ಲ. ಅಷ್ಟು ವರ್ಷ ಕುಡುಕರ ಬಾಯಿಯೆದುರು ಕುಳಿತವನಿಗೆ ಅದು ಗೊತ್ತಾಗದೆ ಇರುತ್ತದೆಯೇ? ನಾನು ಮುಖ ತಿರುಗಿಸಿ ಮುಂದಿನವರನ್ನು ಕರೆದೆ.

ಕಾಕಾ ವಾದ ಮಾಡಲಿಲ್ಲ. ಹಿಂದೆ ಅಷ್ಟು ಬೈದಿದ್ದವರು ಆ ದಿನ ಒಂದೇ ಒಂದು ಮಾತು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಅದೇ ಹೊತ್ತಿಗೆ ಬಂದು ರಸ್ತೆಯಾಚೆಯ ಚಹಾದಂಗಡಿಯ ಬೆಂಚಿನ ಮೇಲೆ, ಗೇಟಿಗೆ ಮುಖ ಮಾಡಿ ಕುಳಿತುಕೊಳ್ಳುತ್ತಿದ್ದರು. ಯಲಬುರ್ಗಾ ಬಸ್ಸು ಹೊರಬಿದ್ದ ಮೇಲೆ ಎದ್ದು ಹೋಗುತ್ತಿದ್ದರು. ನೆಟ್ಟಗೆ ನಡೆದು ಹೋಗುತ್ತಿದ್ದರು. ನಾನು ಒಳಗಿನಿಂದ ದಿನಾ ನೋಡುತ್ತಿದ್ದೆ, ನೋಡದವನ ಹಾಗೆ ರಿಜಿಸ್ಟರಿನಲ್ಲಿ ತಲೆ ತೂರಿಸುತ್ತಿದ್ದೆ. ಎರಡೂವರೆ ತಿಂಗಳು ಹೀಗೆಯೇ ಕಳೆಯಿತು. ಆಮೇಲೆ ಒಂದು ದಿನ ಬೆಂಚು ಖಾಲಿ ಇತ್ತು.

ಮತ್ತೆ ಕುಡಿಯಲು ಹತ್ತಿದ್ದಾರೆ ಎಂಬ ಸುದ್ದಿಯನ್ನು ಕಂಡಕ್ಟರನೇ ತಂದ. ಈ ಸಲ ಹಗಲು ರಾತ್ರಿ ಎಂಬುದಿರಲಿಲ್ಲವಂತೆ. ವರ್ಷವಿಡೀ ಕುಡಿತ ಬಿಟ್ಟಿದ್ದ ದೇಹ, ಮೊದಲೇ ಕೆಟ್ಟಿದ್ದ ಲಿವರು. ಕಣ್ಣು ಹಳದಿಯಾಗಿ, ಹೊಟ್ಟೆ ಉಬ್ಬಿ, ಕೊಪ್ಪಳದ ಆಸ್ಪತ್ರೆಗೆ ಸೇರಿದವರು ಹೊರಗೆ ಬರಲಿಲ್ಲ. ಮಣ್ಣಿಗೆ ನಾನು ಹೋಗಲಿಲ್ಲ. ಡ್ಯೂಟಿ ಇತ್ತು ಎಂದು ಎಲ್ಲರಿಗೂ ಹೇಳಿದೆ.

ಹದಿನೈದು ದಿನದ ಮೇಲೆ ಮಗಳು ಡಿಪೋಗೆ ಬಂದಳು. ಜೊತೆಗೆ ನಡೆಯಲು ಕಲಿತ ಕೂಸು. ಕೈಚೀಲದಿಂದ ಚೀಟಿಗಳ ಕಟ್ಟು ತೆಗೆದು ಮೇಜಿನ ಮೇಲಿಟ್ಟಳು. ಎಲ್ಲವೂ ನನ್ನ ಅಕ್ಷರ.

"ಇದು ಕಡೀದು. ಇದರ ಮುಂದ ಇಲ್ಲ" ಅಂದಳು. "ವರ್ಷ ತುಂಬಿದ ದಿನ ಅಪ್ಪ ಮನಿಗೆ ಬಂದಿದ್ದ. ಕುಡದಿಲ್ಲವ್ವ ಅಂದ. ಹಂಗಾದ್ರ ಚೀಟಿ ಎಲ್ಲಿ ಅಂದೆ. ಸುಮ್ಮನ ನಿಂತ. ನಾ ಬಾಗಲಾ ಹಾಕ್ಕೊಂಡೆ." ಕಡೆಯ ಚೀಟಿಯನ್ನು ನನ್ನತ್ತ ಸರಿಸಿ ಕೇಳಿದಳು. "ನೀವರ ಹೇಳ್ರಿ ಅಣ್ಣಾರ. ಇಲ್ಲಿಂದ ಮುಂದ ಊದಾಕ ಬರೂದು ಅವನ ಬಿಟ್ನೋ, ಇಲ್ಲಾ ನೀವ ಕೊಡಲಿಲ್ಲೋ?"

ಕಾಕಾ ಆಕೆಯ ಬಾಗಿಲಲ್ಲಿ ನನ್ನ ಮೇಲೆ ದೂರು ಹೇಳಿರಲಿಲ್ಲ. ಇಪ್ಪತ್ತು ವರ್ಷ ನೆಪ ಹೇಳಿದವರಿಗೆ, ತಮ್ಮ ಬಾಯಲ್ಲಿ ನಿಜವೂ ಒಂದು ನೆಪದ ಹಾಗೆ ಕೇಳಿಸುತ್ತದೆ ಎಂದು ಗೊತ್ತಿದ್ದಿರಬೇಕು.

"ಅವರ ಬರೂದು ಬಿಟ್ರವ್ವ" ಅಂದೆ.

ಆಕೆ ಹೂಂ ಅಂದಳು. ಚೀಟಿಗಳನ್ನು ಚೀಲಕ್ಕೆ ಹಾಕಿಕೊಂಡು, "ಹಂಗಾದ್ರ ಸಾಯೂತನಕ ಸುಳ್ಳ ಹೇಳಿದ" ಎಂದು ಕೂಸಿನ ಕೈ ಹಿಡಿದು ನಡೆದಳು. ಆಕೆ ಗೇಟು ದಾಟುವ ತನಕ ನಿಜ ನಾಲಿಗೆಯ ತುದಿಯಲ್ಲಿತ್ತು. ಕೂಗಲಿಲ್ಲ.

ಐದು ವರ್ಷವಾಯಿತು. ನಾನು ಈಗ ಗೇಟಿನಲ್ಲಿಲ್ಲ, ಸ್ಟೋರಿನಲ್ಲಿದ್ದೇನೆ. ನಿಜ ಹೇಳಿದ್ದರೆ ಬಾಗಿಲು ಹಾಕಿಕೊಂಡ ಸಂಕಟದಲ್ಲಿ ಆಕೆ ಜೀವನವಿಡೀ ಬೇಯುತ್ತಿದ್ದಳು, ಸುಳ್ಳು ಹೇಳಿ ಉಳಿಸಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಬಂದಿದ್ದೇನೆ. ಅದೂ ಸುಳ್ಳು. ನಾನು ಉಳಿಸಿದ್ದು ನನ್ನನ್ನು.

ಹೋದ ವಾರ ಆ ಪೇದೆ ಬೇಸರದಿಂದ ಯಂತ್ರವನ್ನು ನನ್ನತ್ತ ತಿರುಗಿಸಿ ತೋರಿಸಿದ. ಸೊನ್ನೆ. ಅದನ್ನು ನೋಡಿ ನನಗೆ ಆದ ಸಂತೋಷ ಎಷ್ಟೆಂದು ಹೇಳಲಾರೆ. ತೋರಿಸಲು ಮಾತ್ರ ಯಾರೂ ನೆನಪಾಗಲಿಲ್ಲ. ಇಷ್ಟು ಸಣ್ಣ ಅಂಕಿಯನ್ನು ಕಾಕಾ ಅಷ್ಟು ಹೊತ್ತು ಬಾಗಿ ಏನು ನೋಡುತ್ತಿದ್ದರೆಂದು ಆಗ ತಿಳಿಯಿತು.

ಮನೆಗೆ ಬಂದು ಗೋಡೆಯ ಕ್ಯಾಲೆಂಡರಿನ ಹಳೆಯ ಹಾಳೆ ಹರಿದೆ. ಅವರು ಮೇಜಿನ ಮೇಲೆ ಬಾಗಿ ಬಾಯಿ ತೆರೆದ ಆ ದಿನದ ತಾರೀಖು ನನಗೆ ಮರೆತಿಲ್ಲ. ಅದನ್ನು ಬರೆದೆ, ಮುಂದೆ ಸೊನ್ನೆ ಬರೆದೆ, ಸಹಿ ಮಾಡಿದೆ. ಯಂತ್ರ ನೋಡದೆ ನಾನು ಸಹಿ ಹಾಕಿದ ಚೀಟಿ ಇದೊಂದೇ. ಇದರಿಂದ ಕಾಕಾ ತಿರುಗಿ ಬರುವುದಿಲ್ಲ, ಆ ಕೂಸನ್ನು ಎತ್ತಿಕೊಳ್ಳುವುದೂ ಇಲ್ಲ.

ನಾಳೆ ಬೆಳಿಗ್ಗೆ ಈ ಚೀಟಿ ಹಿಡಿದು ಗಂಗಾವತಿ ಬಸ್ಸಿಗೆ ಹೋಗುತ್ತೇನೆ. ಆಕೆ ನನ್ನ ಮುಖ ನೋಡಿ ಬಾಗಿಲು ಹಾಕಿಕೊಂಡರೆ ಹಾಕಿಕೊಳ್ಳಲಿ. ಹೊರಗೆ ನಿಂತೇ ಹೇಳಬೇಕು: "ನಿಮ್ಮಪ್ಪ ದಿನಾ ಬರ್ತಿದ್ರವ್ವ. ನಾನ ಊದಿಸಲಿಲ್ಲ."