ಎಳೆದಿಟ್ಟ ಚೋಕು

ನನ್ನ ಮೊಪೆಡ್ಡಿಗೆ ಇನ್ನೂ ಪೆಡಲ್ ಇದೆ ಎಂದರೆ ಈಗಿನವರು ನಗುತ್ತಾರೆ. ನಗಲಿ. ಚಳಿಗಾಲದ ಬೆಳಿಗ್ಗೆ ಅದನ್ನು ಒಂದೇ ತುಳಿತಕ್ಕೆ ಶುರು ಮಾಡುವುದು ಇಡೀ ಕಳಲೆ ಊರಿನಲ್ಲಿ ನನಗೊಬ್ಬನಿಗೇ ಗೊತ್ತು ಎಂದು ಮೆರೆಯುವವನು ನಾನು. ಇಂಜಿನ್ ತಣ್ಣಗಿದ್ದಾಗ ಚೋಕಿನ ಕಡ್ಡಿಯನ್ನು ಮೇಲಕ್ಕೆ ಎಳೆಯಬೇಕು. ಆಕ್ಸಿಲರೇಟರ್ ಮುಟ್ಟಬಾರದು. ಸ್ಟ್ಯಾಂಡ್ ಹಾಕಿ ಪೆಡಲ್ ತುಳಿಯಬೇಕು. ಶುರುವಾದ ಮೇಲೆ ಸದ್ದು ಸ್ವಲ್ಪ ಹೊತ್ತು ತೊದಲುತ್ತದೆ, ಆಮೇಲೆ ಸಮನಾಗುತ್ತದೆ. ಸಮನಾದ ಕೂಡಲೇ ಕಡ್ಡಿಯನ್ನು ಕೆಳಕ್ಕೆ ಒತ್ತಿಬಿಡಬೇಕು. ಮರೆತು ಹಾಗೇ ಓಡಿಸಿದರೆ ಪೆಟ್ರೋಲು ಹೆಚ್ಚಾಗಿ, ಹೊಗೆ ಎದ್ದು, ಪ್ಲಗ್ಗಿಗೆ ಮಸಿ ಹಿಡಿದು ಗಾಡಿ ನಡುದಾರಿಯಲ್ಲಿ ಕೈಕೊಡುತ್ತದೆ. ಇರುವುದು ಇಷ್ಟೇ ವಿದ್ಯೆ. ಇದರಿಂದಲೇ ನಾನು ಇದ್ದ ಒಬ್ಬ ತಮ್ಮನನ್ನು ದೂರ ಮಾಡಿಕೊಂಡೆ.

ಅವ್ವ ತೀರಿಕೊಂಡ ವರ್ಷ ನಮ್ಮ ಮನೆ ಪಾಲಾಯಿತು. ನಡುಮನೆಯಲ್ಲಿ ಗೋಡೆ ಎದ್ದಿತು. ಅವ್ವನ ಹಿತ್ತಾಳೆ ಹಂಡೆ ತಮ್ಮನ ಪಾಲಿಗೆ ಹೋದಾಗ ನಾನು ಆಡಬಾರದ ಮಾತೊಂದನ್ನು ಆಡಿದೆ. ಅಲ್ಲಿಗೆ ಮಾತು ನಿಂತಿತು. ನಾನು ಮದುವೆಯಾಗದವನು, ನಂಜನಗೂಡಿನ ಕಚೇರಿಯೊಂದರಲ್ಲಿ ಅಟೆಂಡರ್. ಅವನು ಹೆಂಡತಿಯೊಂದಿಗೆ ಗೋಡೆಯಾಚೆ ಇದ್ದ, ದಿನಾ ತಿ. ನರಸೀಪುರದ ಹಾರ್ಡ್‌ವೇರ್ ಅಂಗಡಿಯ ಕೆಲಸಕ್ಕೆ ಹೋಗುತ್ತಿದ್ದ. ಉಳಿದದ್ದು ಅಪ್ಪನ ಮೊಪೆಡ್ಡು. ಅದನ್ನು ಕೊಯ್ದು ಹಂಚಲಾಗುವುದಿಲ್ಲವಲ್ಲ. ಪಾಲು ಮಾಡಲು ಕೂತ ಹಿರಿಯರು, ಗದ್ದೆಯ ನೀರಿಗೆ ಸರದಿ ಇಲ್ಲವೇ, ಹಾಗೇ ಇದಕ್ಕೂ ಇರಲಿ ಎಂದರು. ಒಂದು ದಿನ ನನಗೆ, ಒಂದು ದಿನ ಅವನಿಗೆ. ಗಾಡಿ ಇಲ್ಲದ ದಿನ ಬಸ್ಸು.

ನಾಲೆಯ ನೀರಿನ ಸರದಿಗೆ ನಮ್ಮಲ್ಲಿ ಒಂದು ರೀತಿಯಿದೆ. ತನ್ನ ಹೊತ್ತು ಮುಗಿದವನು ತನ್ನ ಗದ್ದೆಯ ಬಾಯಿಯನ್ನು ಮಣ್ಣು ಹಾಕಿ ಮುಚ್ಚಿ ಸುಮ್ಮನೆ ಮನೆಗೆ ಹೋಗುವಂತಿಲ್ಲ. ಮುಂದಿನವನ ಗದ್ದೆಗೆ ನೀರು ತಿರುಗಿಸಿ, ಅವನಿಗೆ ಕೂಗಿ ಹೇಳಿಯೇ ಹೋಗಬೇಕು. ಅಪ್ಪ ಸಾಯುವ ತನಕ ಅದನ್ನು ತಪ್ಪಿಸಲಿಲ್ಲ. ನಾನೂ ಅಪ್ಪನ ಮಗನೇ. ನನ್ನ ಸರದಿಯ ಸಂಜೆ ಗಾಡಿಯನ್ನು ಜಗಲಿಯ ಪಕ್ಕ ನಿಲ್ಲಿಸಿ, ಕೊನೆಗೆ ಚೋಕಿನ ಕಡ್ಡಿಯನ್ನು ಮೇಲಕ್ಕೆ ಎಳೆದಿಡುತ್ತಿದ್ದೆ. ಬೆಳಿಗ್ಗೆ ತಮ್ಮನಿಗೆ ಬಗ್ಗಿ ಕಡ್ಡಿ ಹುಡುಕುವ ಕಷ್ಟ ಇರಬಾರದು. ಗೋಡೆಯಾಚೆಯಿಂದ ಬಂದು ಅವನು ಪೆಡಲ್ ತುಳಿದ ಕೂಡಲೇ ಇಂಜಿನ್ ಶುರುವಾದದ್ದು ಕೇಳಿದರೆ ಹಾಸಿಗೆಯಲ್ಲೇ ನನಗೆ ಖುಷಿಯಾಗುತ್ತಿತ್ತು. ಅಣ್ಣ ಎಳೆದಿಟ್ಟಿದ್ದಾನೆ ಎಂದು ಅವನಿಗೆ ತಿಳಿಯುತ್ತದೆ ಎಂದುಕೊಂಡಿದ್ದೆ. ಅವನು ಮಾತ್ರ ನನಗಾಗಿ ಒಂದು ದಿನವೂ ಎಳೆದಿಡುತ್ತಿರಲಿಲ್ಲ. ಅಷ್ಟೂ ಗೊತ್ತಾಗುವುದಿಲ್ಲವೇ ಇವನಿಗೆ ಎಂದು ಬೈದುಕೊಂಡೇ ನನ್ನ ದಿನಗಳನ್ನು ಶುರು ಮಾಡುತ್ತಿದ್ದೆ.

ಹೋದ ವರ್ಷ ಒಂದು ಬೆಳಿಗ್ಗೆ ಅವನ ಹೆಂಡತಿ ಹೊಸ ಸೀರೆ ಉಟ್ಟು, ಕೈಯಲ್ಲೊಂದು ಫೈಲು ಹಿಡಿದು ಅವನ ಹಿಂದೆ ಕೂತು ಹೊರಟಳು. ಸಂಜೆ ಇಬ್ಬರೂ ಬಸ್ಸಿನಲ್ಲಿ ವಾಪಸಾದರು. ಮಾರನೇ ದಿನ ಅವನು ಗಾಡಿಯನ್ನು ಎಲ್ಲಿಂದಲೋ ತಂದು ನಿಲ್ಲಿಸಿ, ಕೀಲಿಯನ್ನು ಜಗಲಿಯ ನನ್ನ ಭಾಗದಲ್ಲಿಟ್ಟು ಒಳಗೆ ಹೋದ. ತಿಂಗಳೊಳಗೆ ಟೆಂಪೋ ಬಂತು. ಸಾಮಾನು ತುಂಬಿಕೊಂಡು ತಿ. ನರಸೀಪುರಕ್ಕೆ ಹೊರಟುಹೋದರು. ನಾನು ಕಿಟಕಿಯ ಹಿಂದೆ ನಿಂತಿದ್ದೆ, ಹೊರಗೆ ಬರಲಿಲ್ಲ. ಹಂಡೆಯೂ ಟೆಂಪೋ ಹತ್ತಿತು. ಇನ್ನೂ ಅದೇ ಸಿಟ್ಟು ಇಟ್ಟುಕೊಂಡಿದ್ದಾನೆ ಎಂದು ನಾನೂ ಸೆಟೆದುಕೊಂಡೆ.

ಆಮೇಲೆ ಬ್ರೇಕ್ ಕೇಬಲ್ ಹಾಕಿಸಲು ನಂಜನಗೂಡಿನ ಮೆಕ್ಯಾನಿಕ್ಕನ ಹತ್ತಿರ ಹೋದೆ. ನಮ್ಮಿಬ್ಬರಿಗೂ ಅವನೇ ಮೆಕ್ಯಾನಿಕ್. ಅವನು ಪ್ಲಗ್ ಬಿಚ್ಚಿ ನೋಡಿ, ಈಗ ಪ್ಲಗ್ ಸರಿಯಾಗಿದೆ, ನಿಮ್ಮ ತಮ್ಮ ತರುತ್ತಿದ್ದಾಗ ಮಸಿಯ ಉಂಡೆಯಾಗಿರುತ್ತಿತ್ತು ಎಂದ. ಯಾಕೆ ಎಂದೆ.

"ಚೋಕ್ ಎಳ್ದಿರೋದ್ ನೋಡ್ದೆ ಓಡುಸ್ಬುಡೋರು ಸಾ, ನಾನೇಳುದ್ರೂ ಬೆಳಿಗ್ಗೆ ಅವಸರದಲ್ಲಿ ಮರ್ತೋಗೋರು. ಅಣ್ಣ ಬೇಕೂಂತ್ಲೇ ಎಳ್ದು ಮಡಗ್ತನೆ ಅಂತಿದ್ರು. ಅವರ ಮನೆಯವ್ರ ಇಂಟರ್‌ವ್ಯೂ ದಿನಾನೂ ಅಂಗೇ ಆಗಿ ಅರ್ಧ ದಾರೀಲಿ ನಿಂತೋಯ್ತಂತೆ."

ಬೆಂಚಿನ ಮೇಲೆ ಕೂತುಬಿಟ್ಟೆ. ಚೋಕಿನ ವಿದ್ಯೆ ನನಗೊಬ್ಬನಿಗೇ ಗೊತ್ತು ಎಂದು ಮೆರೆದವನು, ಕಡ್ಡಿ ಕೆಳಕ್ಕೆ ಒತ್ತುವುದು ಅವನಿಗೂ ಗೊತ್ತಿರುತ್ತದೆ ಎಂದು ಹೇಗೆ ನಂಬಿದೆನೋ. ನಾನು ಮಾಡಿದ ಒಳ್ಳೆಯದನ್ನು ಅವನು ಹಗೆ ಎಂದು ತಿಳಿದು ಊರು ಬಿಟ್ಟಿದ್ದ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಂಕಟವಾಯಿತು.

ಭಾನುವಾರ ಅದೇ ಮೊಪೆಡ್ಡಿನಲ್ಲಿ ತಿ. ನರಸೀಪುರಕ್ಕೆ ಹೋದೆ. ಬಾಡಿಗೆ ಮನೆ, ಚಿಕ್ಕದು. ಅವನ ಹೆಂಡತಿ ಕಾಫಿ ಕೊಟ್ಟಳು. ಆಗ ತಪ್ಪಿದ ಕೆಲಸ ತಪ್ಪಿಯೇ ಹೋಗಿತ್ತು, ಈಗ ಹತ್ತಿರದಲ್ಲೇ ಒಂದು ಹೊಲಿಗೆ ಘಟಕಕ್ಕೆ ಹೋಗುತ್ತಿದ್ದಳು. ತಮ್ಮ ಎದುರಿಗೆ ಕೂತ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಗಿ ಒಂದೇ ಉಸಿರಿಗೆ ಹೇಳಿದೆ.

"ನಿಂಗೆ ಸಲೀಸಾಗ್ಲಿ ಅಂತ ಎಳ್ದು ಮಡಗ್ತಿದ್ದೆ ಕಣ್ಲಾ. ನೀರಿನ ಸರದಿಲಿ ಮಾಡ್ತೀವಲ್ಲ, ಅಂಗೆ."

ಅವನು ಲೋಟವನ್ನು ಕೆಳಗಿಟ್ಟ.

"ನೀರ್ ತಿರುಗ್ಸುದ್ ಮೇಲೆ ಅಪ್ಪ ಕೂಗಾಕ್ತಿತ್ತಲ್ಲಣ್ಣ," ಎಂದ. "ನೀನ್ಯಾಕ್ ಕೂಗಾಕ್ನಿಲ್ಲ?"

ನೀರು ತಿರುಗಿಸುವುದನ್ನು ಅಪ್ಪನಿಂದ ಕಲಿತಿದ್ದೆ, ಕೂಗುವುದನ್ನು ಬಿಟ್ಟಿದ್ದೆ.

ಊಟ ಮಾಡಿಸಿಯೇ ಕಳಿಸಿದರು. ಹೊರಡುವಾಗ, ಬೇಕಿದ್ದರೆ ಗಾಡಿಯನ್ನು ಇಲ್ಲೇ ಇಟ್ಟುಕೋ ಎಂದೆ. ಅವನು ಗೇಟಿನ ಪಕ್ಕದಲ್ಲಿದ್ದ ತನ್ನ ಹೊಸ ಸ್ಕೂಟರ್ ತೋರಿಸಿ, ಬಟನ್ ಒತ್ತಿದರೆ ಸಾಕು, ಇದರಲ್ಲಿ ಚೋಕೇ ಇಲ್ಲ ಎಂದ. ಮುನಿಸಿನಿಂದ ಹೇಳಿದ್ದಲ್ಲ. ಕಳಲೆಗೆ ಯಾವಾಗ ಬರುತ್ತೀಯ ಎಂದು ಕೇಳಿದೆ. ಇಬ್ಬರಿಗೂ ಕೆಲಸ ಇಲ್ಲೇ ಇದೆಯಲ್ಲ ಎಂದ.

ಊರು ಮುಟ್ಟುವಾಗ ಇನ್ನೂ ಬಿಸಿಲಿತ್ತು. ಮೊಪೆಡ್ಡನ್ನು ಜಗಲಿಯ ಪಕ್ಕ ನಿಲ್ಲಿಸಿದೆ. ಕೈ ತನ್ನಷ್ಟಕ್ಕೆ ಹೋಗಿ ಚೋಕನ್ನು ಮೇಲಕ್ಕೆ ಎಳೆಯಿತು. ನಾಳೆ ನನ್ನದೇ ಸರದಿ, ನಾಡಿದ್ದೂ ನನ್ನದೇ. ಆದರೂ ಅದನ್ನು ಕೆಳಕ್ಕೆ ಒತ್ತಲು ಮನಸ್ಸಾಗಲಿಲ್ಲ. ಬೀಗ ಹಾಕಿದ ತಮ್ಮನ ಬಾಗಿಲಿನ ಕಡೆ ತಿರುಗಿ, ಗದ್ದೆಯಲ್ಲಿ ಅಪ್ಪ ಕೂಗುತ್ತಿದ್ದಷ್ಟೇ ಜೋರಾಗಿ ಕೂಗಿದೆ.

"ಚೋಕ್ ಎಳ್ದಿವ್ನಿ ಕಣ್ಲಾ."

ಎದುರು ಮನೆಯ ಹೆಂಗಸು ಹೊರಗೆ ಬಂದು ಯಾರನ್ನು ಕರೆದಿರಿ ಎಂದು ಕೇಳಿದಳು. ಯಾರನ್ನೂ ಇಲ್ಲ ಎಂದೆ.