ಎಡಕ್ಕೆ ಸುತ್ತಿದ ಟೇಪು

ಬಡಾವಣೆಗೆಲ್ಲ ಅವನು ಟೆಸ್ಟರ್. ವೈರಿಂಗ್ ಕೆಲಸಕ್ಕಿಳಿದು ಮೂವತ್ತು ವರ್ಷವಾಗಿತ್ತು. ಅಷ್ಟು ವರ್ಷವೂ ಅಂಗಿ ಜೇಬಿನಲ್ಲಿ ಅದೇ ಹಳದಿ ಹಿಡಿಯ ಟೆಸ್ಟರ್. ತಂತಿಯಲ್ಲಿ ಕರೆಂಟಿದ್ದರೆ ಹಿಡಿಯೊಳಗೆ ಮಿಣಕ್ಕೆಂದು ದೀಪ ಹತ್ತಿಸುವ ಆ ಸಣ್ಣ ಸ್ಕ್ರೂಡ್ರೈವರನ್ನು ಅವನು ಒಬ್ಬರ ಕೈಗೂ ಕೊಟ್ಟವನಲ್ಲ. ಹಲ್ಲುಜ್ಜುವ ಬ್ರಷ್ಷನ್ನೂ ಟೆಸ್ಟರನ್ನೂ ಎರವಲು ಕೊಡಬಾರದು ಎಂಬುದು ಅವನ ವೇದವಾಕ್ಯ. ಜೊತೆಗಾರರು ಕೇಳಿದರೆ, ನಾನು ನೋಡಿದ್ದೇನೆ, ನೀನು ಬಣ್ಣ ನೋಡಿ ಹಾಕು ಎನ್ನುತ್ತಿದ್ದ. ಕೆಂಪಾದರೆ ಕರೆಂಟು ಬರುವ ಫೇಸು, ಕಪ್ಪಾದರೆ ಅದು ಹಿಂದಿರುಗುವ ನ್ಯೂಟ್ರಲ್, ಇದರಲ್ಲಿ ನೋಡುವುದೇನಿದೆ?

ಕೆಲಸದಲ್ಲಿ ಗಟ್ಟಿಗ, ಸುಳ್ಳಲ್ಲ. ಬಾಯಿ ಮಾತ್ರ ಇನ್ನೂ ಗಟ್ಟಿ. ಬೇರೆಯವರು ಹಾಕಿದ ಬೋರ್ಡು ಬಿಚ್ಚಿದನೆಂದರೆ ಆ ಮನೆಯವರು ಕಾಲು ಗಂಟೆ ಬೈಗುಳ ಕೇಳಲೇಬೇಕು. ತನ್ನ ಕೆಲಸವನ್ನು ಮಾತ್ರ ಎರಡನೇ ಸಲ ತೆರೆದು ನೋಡುತ್ತಿರಲಿಲ್ಲ. ಅವನು ಎಡಚ. ಎಲ್ಲರೂ ತಂತಿಯ ಗಂಟಿಗೆ ಟೇಪನ್ನು ಬಲಕ್ಕೆ ಸುತ್ತಿದರೆ ಇವನದು ಎಡಕ್ಕೆ. ಕೊನೆಯಲ್ಲಿ ಟೇಪಿನ ತುದಿಯನ್ನು ಉಗುರಿನಷ್ಟು ಮಡಚಿ ಬಿಡುತ್ತಿದ್ದ, ಮುಂದೆ ಬಿಚ್ಚುವವನಿಗೆ ಸುಲಭವಾಗಲಿ ಎಂದು. ರುಜು ಹಾಕಿದ ಹಾಗೆ ಅದು, ನೋಡಿದೊಡನೆ ಗುರುತು ಸಿಗುತ್ತಿತ್ತು.

ಆ ದಿನ ಬೆಳಿಗ್ಗೆ ಅವನು ಟೀಚರಮ್ಮನ ಮನೆಗೆ ಹೋದದ್ದು ಬಚ್ಚಲುಮನೆಯ ಎಕ್ಸಾಸ್ಟ್ ಫ್ಯಾನು ಬದಲಿಸಲು. ಟೀಚರಮ್ಮ ನಿವೃತ್ತಿಯಾಗಿ ನಾಲ್ಕು ವರ್ಷವಾಗಿದ್ದರೂ ಬಡಾವಣೆ ಅವರನ್ನು ಇನ್ನೂ ತರಗತಿಯಿಂದ ಹೊರಗೆ ಬಿಟ್ಟಿರಲಿಲ್ಲ. ಹಳೆಯ ಫ್ಯಾನು ಕಿಟಕಿಗೆ ಅಂಟಿಕೊಂಡೇ ಇತ್ತು. ಅದು ಕಿಟಕಿಯ ಗಾಳಿಯನ್ನೇ ಎಳೆದು ಆಚೆಗೆ ಹಾಕುವುದು, ಹಬೆ ಮಾತ್ರ ಕೋಣೆಯಲ್ಲೇ ಕೂತಿರುವುದು. ಗೋಡೆಯ ಮೂಲೆಗಳೆಲ್ಲ ಕಪ್ಪು ಬೂಷ್ಟು. ಹೊಸದನ್ನು ಬಾಗಿಲಿಗೆ ಎದುರಿನ ಗೋಡೆಯಲ್ಲಿ, ಚಾವಣಿಗೆ ಒಂದು ಗೇಣು ಕೆಳಗೆ ಕೂರಿಸಬೇಕೆಂದು ಅವನೇ ತೀರ್ಮಾನಿಸಿದ್ದ. ಬಾಗಿಲ ಕೆಳಗಿನ ಸಂದಿನಿಂದ ಬಂದ ಗಾಳಿ ಇಡೀ ಕೋಣೆ ದಾಟಿ ಹಬೆಯನ್ನು ಹೊತ್ತುಕೊಂಡು ಹೋಗಬೇಕು, ಸ್ನಾನ ಮಾಡುವವರ ಕೈಯೂ ಷವರಿನ ನೀರೂ ಅಲ್ಲಿಗೆ ತಾಗಬಾರದು. ಗಾರೆಯವನು ಹಿಂದಿನ ದಿನವೇ ಗುಂಡಗೆ ತೂತು ಕೊರೆದು ಹೋಗಿದ್ದ.

ಈ ಬಚ್ಚಲುಮನೆಗೆ ಒಂದು ಕಥೆಯಿತ್ತು, ಅದು ಟೆಸ್ಟರನ ಸಂಸಾರದ ಕಥೆಯೂ ಹೌದು. ಹನ್ನೊಂದು ವರ್ಷದ ಹಿಂದೆ ಇಲ್ಲಿ ವೈರಿಂಗ್ ಮಾಡಿದವರು ಇಬ್ಬರು, ಇವನು ಮತ್ತು ಇವನ ಬಾಮೈದ, ಅಂದರೆ ಹೆಂಡತಿಯ ತಮ್ಮ. ಬಾಗಿಲ ಮೇಲಿನ ಜಂಕ್ಷನ್ ಪೆಟ್ಟಿಗೆಯಲ್ಲಿ ಮೇನ್ ತಂತಿಗೆ ಗಂಟು ಹಾಕಿದವನು ಟೆಸ್ಟರ್, ಕೆಳಗೆ ಸ್ವಿಚ್ ಬೋರ್ಡು ಹಾಕಿದವನು ಬಾಮೈದ. ಆರು ತಿಂಗಳಿಗೆ ಟೀಚರಮ್ಮ ಸ್ವಿಚ್ ಆರಿಸಿ, ಸ್ಟೂಲು ಹತ್ತಿ, ಒದ್ದೆ ಬಟ್ಟೆಯಲ್ಲಿ ಫ್ಯಾನು ಒರೆಸಲು ಹೋದರು. ಸ್ವಿಚ್ ಆರಿದ್ದರೂ ಫ್ಯಾನಿನಲ್ಲಿ ಕರೆಂಟು ಹಾಗೇ ಇತ್ತು. ಹೊಡೆದ ಹೊಡೆತಕ್ಕೆ ಕೆಳಗೆ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಆ ಕೈಯ ಬೆರಳುಗಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ.

ಅವತ್ತು ಟೆಸ್ಟರ್ ಓಡಿ ಬಂದು ಬೋರ್ಡು ಬಿಚ್ಚಿ ನೋಡಿದ. ಸ್ವಿಚ್ಚಿಗೆ ಬಂದಿದ್ದ ತಂತಿ ಮುಟ್ಟಿದರೆ ಟೆಸ್ಟರು ಹತ್ತಲಿಲ್ಲ. ಫೇಸನ್ನು ಕಡಿಯಬೇಕಾದ ಸ್ವಿಚ್ಚು ನ್ಯೂಟ್ರಲನ್ನು ಕಡಿಯುತ್ತಿತ್ತು. ಅಷ್ಟೇ ಸಾಕಾಯಿತು. ಎರಡು ತಂತಿಗಳನ್ನು ಬಣ್ಣವನ್ನೂ ನೋಡದೆ ಅದಲುಬದಲು ಮಾಡಿ ಸ್ಕ್ರೂ ಬಿಗಿದ. ಬೋರ್ಡು ಹಾಕಿದವನು ಬಾಮೈದ ತಾನೇ? ನೆರೆದಿದ್ದ ಹತ್ತು ಜನರ ಎದುರಿಗೆ ಅವನನ್ನು ನಿಲ್ಲಿಸಿಕೊಂಡು, ಜೀವ ತೆಗೆಯುವ ಕೈ ನಿನ್ನದು, ಇನ್ನು ನನ್ನ ಮನೆ ಹೊಸಿಲು ತುಳಿಯಬೇಡ ಎಂದು ಉಗಿದ. ನಾನು ಬಣ್ಣ ನೋಡಿಯೇ ಹಾಕಿದ್ದು ಭಾವ, ಎಂದಷ್ಟೇ ಹೇಳಿ ಬಾಮೈದ ಇಕ್ಕಳ ಕೆಳಗಿಟ್ಟು ಹೋದ. ಬಡಾವಣೆಯಲ್ಲಿ ಮತ್ತೆ ಯಾರೂ ಅವನನ್ನು ಕೆಲಸಕ್ಕೆ ಕರೆಯಲಿಲ್ಲ. ಈಗ ಶಾಲಾ ಮಕ್ಕಳ ವ್ಯಾನು ಓಡಿಸುತ್ತಾನೆ. ಟೆಸ್ಟರನಿಗೋ, ಊಟಕ್ಕೆ ಕೂತಾಗ ಬಾಮೈದನನ್ನು ನೆನೆದು ನಾಲ್ಕು ಬೈದರೇನೇ ತುತ್ತು ಇಳಿಯುವುದು. ಹೆಂಡತಿ ಮಾತಾಡದೆ ಬಡಿಸುತ್ತಿದ್ದಳು. ತಮ್ಮನ ತಪ್ಪಿಗೆ ನಾಚಿಕೊಂಡು ಸುಮ್ಮನಿದ್ದಾಳೆ ಎಂದು ಅವನು ತಿಳಿದಿದ್ದ.

ಮೇನ್ ಆರಿಸಿ, ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು ಕೆಲಸ ಶುರುಮಾಡಿದ. ಹಳೆಯ ಫ್ಯಾನು ಇಳಿಯಿತು. ಬೋರ್ಡು ಬಿಚ್ಚಿದ. ಸ್ವಿಚ್ಚಿಗೆ ಕಪ್ಪು ತಂತಿ ಕೊಟ್ಟಿತ್ತು. ಯಾವನಯ್ಯಾ ಇವನು, ಸ್ವಿಚ್ಚಿಗೆ ಕಪ್ಪು ತಂತಿ ಕೊಟ್ಟ ಮಹಾನುಭಾವ ಎಂದು ಬೈಗುಳಕ್ಕೆ ಬಾಯಿ ತೆರೆದವನು ಹಾಗೇ ನಿಂತ. ಕೊಟ್ಟವನು ತಾನೇ. ಅವತ್ತು ಅದಲುಬದಲು ಮಾಡಿದ್ದು ತನ್ನದೇ ಕೈ.

ಹಾಗಾದರೆ ಅದಕ್ಕೆ ಮುಂಚೆ ಸ್ವಿಚ್ಚಿನಲ್ಲಿ ಇದ್ದದ್ದು ಕೆಂಪು. ಬಾಮೈದ ಕೆಂಪನ್ನೇ ಕೊಟ್ಟಿದ್ದ, ಹೇಳಿದ ಹಾಗೆಯೇ ಬಣ್ಣ ನೋಡಿಯೇ ಕೊಟ್ಟಿದ್ದ. ಕೆಂಪಿನಲ್ಲಿ ಫೇಸು ಯಾಕೆ ಇರಲಿಲ್ಲ?

ಹೊಸ ಜಾಗಕ್ಕೆ ತಂತಿ ಎಳೆಯಲು ಮೇಲಿನ ಪೆಟ್ಟಿಗೆ ಹೇಗೂ ತೆರೆಯಬೇಕಿತ್ತು. ಟೆಸ್ಟರ್ ಸ್ಟೂಲು ಹತ್ತಿದ. ಮುಚ್ಚಳದ ಸ್ಕ್ರೂಗಳಿಗೆ ಸುಣ್ಣ ಮೆತ್ತಿಕೊಂಡಿತ್ತು, ನಾಲ್ಕನೆಯದು ಬಿಚ್ಚುವಷ್ಟರಲ್ಲಿ ಅಂಗೈ ಬೆವತಿತ್ತು. ಒಳಗೆ ಎರಡು ಗಂಟು. ಮೇಲಿನಿಂದ ಬಂದ ಮೇನಿನ ಕೆಂಪು ತಂತಿ, ಕೆಳಗೆ ಬೋರ್ಡಿಗಿಳಿಯುವ ಕಪ್ಪು ತಂತಿಗೆ ಸೇರಿತ್ತು. ಮೇನಿನ ಕಪ್ಪು, ಕೆಳಗಿಳಿಯುವ ಕೆಂಪಿಗೆ. ತಪ್ಪು ಬೋರ್ಡಿನಲ್ಲಿ ಆದದ್ದಲ್ಲ, ಇಲ್ಲೇ ಆದದ್ದು. ಇಲ್ಲಿಂದ ಕೆಳಗೆ ಹೋದ ಬಣ್ಣವೆಲ್ಲ ಸುಳ್ಳು.

ಎರಡೂ ಗಂಟಿನ ಮೇಲೆ ಟೇಪು ಎಡಕ್ಕೆ ಸುತ್ತಿತ್ತು. ತುದಿ ಉಗುರಿನಷ್ಟು ಮಡಚಿತ್ತು.

ಕರೆಂಟಿಲ್ಲದ ತಂತಿಯೇ ಅವನಿಗೆ ಹೊಡೆದಂತಾಯಿತು. ಮೂವತ್ತು ವರ್ಷದಲ್ಲಿ ಎಷ್ಟೋ ಸಲ ಷಾಕ್ ಹೊಡೆಸಿಕೊಂಡಿದ್ದ, ಅವೆಲ್ಲ ಕೈಯನ್ನು ಒಗೆದು ಬಿಟ್ಟುಬಿಟ್ಟಿದ್ದವು. ಇದು ಹಿಡಿದುಕೊಂಡಿತು. ಬಿಚ್ಚಿದ ಮುಚ್ಚಳ ಕೈಜಾರಿ ನೆಲಕ್ಕೆ ಬಿದ್ದು ಸದ್ದು ಮಾಡಿತು. ಟೇಪಿನ ಮಡಚಿದ ತುದಿಯನ್ನು ಮುಟ್ಟಿದ, ಬಿಟ್ಟ, ಮತ್ತೆ ಮುಟ್ಟಿದ. ಬೇರೆ ಯಾರಾದರೂ ಎಡಚರು ಇಲ್ಲಿಗೆ ಬಂದಿದ್ದರೇ ಎಂದು ಹುಡುಕಿತು ಮನಸ್ಸು. ಅಷ್ಟು ನಾಚಿಕೆಗೆಟ್ಟ ಮನಸ್ಸು ತನ್ನದು ಎಂದೂ ಆಗಲೇ ಗೊತ್ತಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಇಲ್ಲಿ ಎತ್ತೇ ನಿಂತು ಎಮ್ಮೆಗೆ ಬರೆ ಹಾಕಿತ್ತು. ವೈರಿಂಗ್ ಮಾಡಿದ ದಿನ ಬಾಮೈದನ ಕೈಗೆ ಒಂದು ನಿಮಿಷ ಟೆಸ್ಟರು ಕೊಟ್ಟಿದ್ದರೆ ಅವನು ಕೆಂಪು ಮುಟ್ಟಿ ನೋಡುತ್ತಿದ್ದ. ಟೀಚರಮ್ಮ ಬೀಳುತ್ತಿರಲಿಲ್ಲ.

ಸದ್ದು ಕೇಳಿ ಟೀಚರಮ್ಮ ಬಾಗಿಲಿಗೆ ಬಂದರು. ಅವನು ಕೆಳಗಿಳಿಯದೆ, ಗೋಡೆಯ ಕಡೆಗೇ ಮುಖ ಮಾಡಿಕೊಂಡು ಎಲ್ಲವನ್ನೂ ಹೇಳಿದ. ನನ್ನ ಗಂಟು, ನನ್ನ ಟೇಪು, ನಿಮ್ಮ ಕೈ ಮುರಿದದ್ದು ನನ್ನಿಂದ ಎಂದ. ಟೀಚರಮ್ಮ ಬಹಳ ಹೊತ್ತು ತಮ್ಮ ಬಲಗೈಯನ್ನೇ ನೋಡಿದರು. ಆಮೇಲೆ ಅವರು ಕೇಳಿದ್ದು ಕೈಯ ವಿಷಯವನ್ನಲ್ಲ. ಆ ಹುಡುಗನನ್ನು ಕೆಲಸಕ್ಕೆ ಕರೀಬೇಡಿ ಅಂತ ಮನೆಮನೆಗೆ ಹೇಳಿದವಳು ನಾನಲ್ಲವೇ ಎಂದರು. ಅವರ ದನಿ ತರಗತಿಯ ದನಿಯಾಗಿರಲಿಲ್ಲ.

ಇನ್ನೇನೋ ನೆನಪಾದವರಂತೆ ಅವರು ತಲೆಯೆತ್ತಿದರು.

"ಅವನೂ ಅವತ್ತು ಹೀಗೇ ನಿಂತಿದ್ದ. ನಾನು ಆಸ್ಪತ್ರೆಯಿಂದ ಬಂದ ಮೇಲೆ ಒಂದು ದಿನ ಬಂದ, ಒಂದ್ಸಲ ನೋಡ್ತೀನಿ ಅಂದ. ಇದೇ ಮುಚ್ಚಳ ಬಿಚ್ಚಿದ. ತುಂಬಾ ಹೊತ್ತು ನೋಡಿದ. ಆಮೇಲೆ ಮುಚ್ಚಿ, ಎಲ್ಲ ಸರಿಯಾಗಿದೆ ಟೀಚರ್, ಭಯಪಡ್ಬೇಡಿ ಅಂತ ಹೇಳಿ ಹೋದ."

ಬಾಮೈದನಿಗೆ ಗೊತ್ತಿತ್ತು. ಹತ್ತು ವರ್ಷಕ್ಕೂ ಮೇಲಿಂದ ಗೊತ್ತಿತ್ತು. ದಾರಿಯಲ್ಲಿ ಎದುರಾದಾಗ ಟೆಸ್ಟರ್ ಮುಖ ತಿರುಗಿಸಿ ಕ್ಯಾಕರಿಸಿ ಉಗಿದರೆ, ವ್ಯಾನು ನಿಧಾನ ಮಾಡಿ ದಾರಿ ಬಿಟ್ಟು ಹೋಗುತ್ತಿದ್ದನಲ್ಲ, ಎಲ್ಲ ಗೊತ್ತಿದ್ದೇ ಹೋಗುತ್ತಿದ್ದ.

ಕೈ ತನ್ನ ಪಾಡಿಗೆ ಕೆಲಸ ಮುಗಿಸಿತು. ಎಡಕ್ಕೆ ಸುತ್ತಿದ ಗಂಟುಗಳನ್ನು ಬಿಚ್ಚಿ ಕೆಂಪನ್ನು ಕೆಂಪಿಗೆ, ಕಪ್ಪನ್ನು ಕಪ್ಪಿಗೆ ಸೇರಿಸಿದ. ಬೋರ್ಡಿನಲ್ಲಿ ಕೆಂಪನ್ನು ಸ್ವಿಚ್ಚಿಗೆ ತಂದ. ತಂತಿಯನ್ನು ಪೈಪಿನೊಳಗೆ ಎಳೆದು, ಫ್ಯಾನನ್ನು ತೂತಿನಲ್ಲಿ ಕೂರಿಸಿ, ಸುತ್ತಲಿನ ಸಂದು ಮುಚ್ಚಿದ. ಫ್ಯೂಸು ಹಾಕಿ ಸ್ವಿಚ್ ಆರಿಸಿಟ್ಟು ಫ್ಯಾನಿನ ತುದಿಗೆ ಟೆಸ್ಟರು ಮುಟ್ಟಿಸಿದ. ಹತ್ತಲಿಲ್ಲ. ಒಂದು ಸಲ ನೋಡಿದರೆ ಸಾಲದೆಂದು ಐದು ಸಲ ನೋಡಿದ. ಫ್ಯಾನು ಹಾಕಿದಾಗ ಟೀಚರಮ್ಮ ಒಂದು ಕಾಗದದ ಚೂರನ್ನು ಬಾಗಿಲ ಸಂದಿಗೆ ಹಿಡಿದರು. ಅದು ಗಾಳಿಯ ಸೆಳೆತಕ್ಕೆ ಒಳಗೆ ಬಂದು ನೆಲದ ಮೇಲೆ ಸರಿಯಿತು. ಇಬ್ಬರೂ ಅದನ್ನು ನೋಡಿದರು, ಇಬ್ಬರಿಗೂ ಸಂತೋಷವಾಗಲಿಲ್ಲ.

ಮನೆಗೆ ಬಂದಾಗ ಮಧ್ಯಾಹ್ನ. ಹೆಂಡತಿ ತಟ್ಟೆ ಇಟ್ಟಳು. ಅವನು ಕೂರಲಿಲ್ಲ.

"ಟೀಚರ್ ಮನೇಲಿ ಮೇಲಿನ ಪೆಟ್ಟಿಗೆ ಬಿಚ್ಚಿದೆ" ಎಂದ.

ಅವಳ ಕೈಯಲ್ಲಿದ್ದ ಸೌಟು ಅರ್ಧದಲ್ಲೇ ನಿಂತಿತು. ಏನಿತ್ತು ಎಂದು ಅವಳು ಕೇಳಲಿಲ್ಲ. ಕೇಳದೇ ಇದ್ದದ್ದರಿಂದಲೇ ಅವನಿಗೆ ತಿಳಿಯಿತು.

"ನಿಂಗೂ ಗೊತ್ತಿತ್ತಾ?"

"ಅವನು ನೋಡಿದ ದಿನಾನೇ ಬಂದು, ಹೊಸಿಲಾಚೆನೇ ನಿಂತು ಹೇಳಿದ. ಯಾರಿಗೂ ಹೇಳ್ಬೇಡ ಅಂತ ನಾನೇ ಅಂದೆ. ನಿಮ್ಮ ಹೆಸರು ಹೋದ್ರೆ ಈ ಮನೇಲಿ ಒಲೆ ಹತ್ತಲ್ಲ ಅಂದೆ. ಅವನೊಬ್ಬ, ಹೇಗೋ ಬದುಕ್ತಾನೆ ಅಂದೆ." ಅವಳು ಸೌಟನ್ನು ಪಾತ್ರೆಗೆ ಹಾಕಿದಳು. "ಒಂದಲ್ಲ ಒಂದು ದಿನ ನೀವೇ ಬಿಚ್ಚಿ ನೋಡ್ತೀರಿ ಅನ್ಕೊಂಡಿದ್ದೆ. ಇಷ್ಟು ವರ್ಷ ಬೇಕಾಗುತ್ತೆ ಅನ್ಕೊಂಡಿರ್ಲಿಲ್ಲ."

ಅವನು ಆ ತಟ್ಟೆಯನ್ನೇ ನೋಡಿದ. ಇದೇ ತಟ್ಟೆಯ ಮುಂದೆ ಕೂತು ಅವಳ ತಮ್ಮನನ್ನು ಕೊಲೆಗಡುಕ ಎಂದಿದ್ದ. ಅವಳು ಇನ್ನೊಂದು ಸೌಟು ಅನ್ನ ಹಾಕಿದ್ದಳು. ತಮ್ಮನ ತಪ್ಪಿಗಲ್ಲ ಅವಳು ಬಾಯಿ ಮುಚ್ಚಿಕೊಂಡಿದ್ದು, ಗಂಡನ ತಪ್ಪಿಗೆ. ಎಷ್ಟು ಸಾವಿರ ಊಟ ಎಂದು ಯೋಚಿಸಲು ಹೋಗಿ ಹೆದರಿ ನಿಲ್ಲಿಸಿದ.

ಬಾಮೈದನ ಫೋನ್ ನಂಬರು ಅವನ ಬಳಿ ಇರಲಿಲ್ಲ. ಅವಳೇ ಒತ್ತಿ ಫೋನನ್ನು ಅವನ ಕೈಗಿಟ್ಟಳು. ಆ ಕಡೆಯಿಂದ ಹೇಳಕ್ಕಾ ಎಂಬ ದನಿ ಬಂತು, ಹಿಂದೆ ಮಕ್ಕಳ ಗಲಾಟೆ. ಅಕ್ಕಾ, ಅಕ್ಕಾ ಎಂದು ಎರಡು ಸಲ ಕರೆದ ಮೇಲೆ ಇವನಿಗೆ ದನಿ ಬಂತು.

"ನಾನು ಕಣೋ. ಆ ಗಂಟು ನಂದು."

ಆ ಕಡೆ ವ್ಯಾನಿನ ಎಂಜಿನ್ ನಿಂತಿತು. ಮಕ್ಕಳಿಗೆ ಸುಮ್ಮನಿರಿ ಎಂದದ್ದು ಕೇಳಿಸಿತು.

"ಗೊತ್ತು ಭಾವ. ಟೇಪ್ ನೋಡಿದ್ದೆ. ಈಗ ಸರಿ ಮಾಡಿದ್ರಾ?"

"ಮಾಡಿದೆ. ಆದ್ರೂ ನೀನೊಂದ್ಸಲ ನೋಡು. ಟೆಸ್ಟರು ನಿನ್ನ ಕೈಗೆ ಕೊಡ್ತೀನಿ."

ಟೆಸ್ಟರ್ ಹೆಂಡತಿಯ ಮುಖ ನೋಡಿದ. ಅವಳು ಅವನನ್ನು ನೋಡುತ್ತಿರಲಿಲ್ಲ, ಫೋನನ್ನೇ ನೋಡುತ್ತಿದ್ದಳು.

"ಮಕ್ಕಳನ್ನ ಬಿಟ್ಟು ಬರ್ತೀನಿ" ಎಂದ ಬಾಮೈದ. "ಹೊಸಿಲಾಚೆ ನಿಲ್ಲಬೇಕಾ, ಒಳಗೆ ಬರ್ಬೇಕಾ, ಅದನ್ನೂ ಹೇಳ್ಬಿಡಿ ಭಾವ."

ಟೆಸ್ಟರನಿಗೆ ತಾನು ಅವತ್ತು ಆಡಿದ ಮಾತು ಪೂರ್ತಿ ನೆನಪಾದದ್ದು ಆಗಲೇ. ಅವನು ಗೋಡೆಗೊರಗಿ ಅಲ್ಲೇ ಕೆಳಗೆ ಕುಳಿತ. ಹೆಂಡತಿ ಅವನ ಕೈಯಿಂದ ಫೋನು ತೆಗೆದುಕೊಂಡು, ಒಳಗೇ ಬಾರೋ, ಊಟ ಮಾಡ್ಕೊಂಡು ಬರ್ಬೇಡ, ಇಲ್ಲೇ ತಟ್ಟೆ ಹಾಕಿದೀನಿ ಎಂದಳು. ಹಾಕಿದ್ದದ್ದು ಒಂದೇ ತಟ್ಟೆ, ಟೆಸ್ಟರನದು. ಅದನ್ನೇ ಅವಳು ತಮ್ಮನಿಗೆಂದು ಮುಚ್ಚಿಟ್ಟಳು.