ಅಲ್ಲಾಸಾಬ ‘ಬರ್ರಿ’ ಅಂದರೆ

“ಅಲ್ಲಾಸಾಬ ‘ಬರ್ರಿ’ ಅಂದ್ರ ಚಪ್ಪಲಿ ಹಾಕ್ಕೋರಿ, ‘ಐತಿ’ ಅಂದ್ರ ಮನ್ಯಾಗ ಕುಂಡ್ರಿ” ಎಂದು ಬೆಟಗೇರಿಯ ಆ ಓಣಿಯ ಮಂದಿ ಹೇಳುತ್ತಿದ್ದರು. ಹೊಸದಾಗಿ ಬಂದ ಸೊಸೆಗೆ ನಳದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಹಿಟ್ಟಿನ ಗಿರಣಿ ಯಾವಾಗ ತೆರೆಯುತ್ತದೆ ಎಂದು ಹೇಳಿಕೊಡುವಾಗ ಅತ್ತೆಯಂದಿರು ಇದನ್ನೂ ಸೇರಿಸಿ ಹೇಳಿಕೊಡುತ್ತಿದ್ದರು.

ಅಲ್ಲಾಸಾಬನದು ಆಟೋಕ್ಕೆ ಮೈಕು ಕಟ್ಟಿಕೊಂಡು ಪ್ರಚಾರ ಮಾಡುವ ಕೆಲಸ. ಆಟೋದ ನೆತ್ತಿಯ ಮೇಲೆ ಹಿಂದಕ್ಕೊಂದು ಮುಂದಕ್ಕೊಂದು ಸ್ಪೀಕರು, ಸೀಟಿನ ಕೆಳಗೆ ಬ್ಯಾಟರಿ, ಕೈಯಲ್ಲಿ ಕರ್ಚೀಪು ಸುತ್ತಿದ ಮೈಕು. ಗದಗ–ಬೆಟಗೇರಿ ಅವನಿಗೆ ಮನೆಯಂಗಳ ಇದ್ದ ಹಾಗೆ. ಸಂತೆಯ ದಿನ ನೋಡಿಕೊಂಡು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸುತ್ತುತ್ತಿದ್ದ. ದಾರಿಯಲ್ಲಿ ಬೆಳ್ಳಟ್ಟಿಯಂಥ ದೊಡ್ಡ ಊರು ಸಿಕ್ಕರೆ ಅಲ್ಲೂ ಒಂದು ಸುತ್ತು. ಹೀಗೆ ಮೂವತ್ತೆರಡು ವರ್ಷ. ಆ ಊರುಗಳಲ್ಲಿ ಅವನ ಮುಖ ಕಂಡವರು ಕಡಿಮೆ. ಬಿಸಿಲಿಗೆ ಪರದೆ ಇಳಿಬಿಟ್ಟು ಹಿಂದಿನ ಸೀಟಿನಲ್ಲಿ ಕೂತವನ ಮುಖ ಯಾರಿಗೆ ಕಂಡೀತು? ದನಿ ಮಾತ್ರ ಎಲ್ಲರಿಗೂ ಗೊತ್ತಿತ್ತು.

ಅವನದೊಂದು ರೀತಿ ಇತ್ತು. ತಾನು ಕಣ್ಣಿಂದ ನೋಡದ, ಕೈಯಿಂದ ಮುಟ್ಟದ ಯಾವುದಕ್ಕೂ ‘ಬರ್ರಿ’ ಅನ್ನುತ್ತಿರಲಿಲ್ಲ. ಮಿಕ್ಸರಿನ ಪ್ರಚಾರ ಬಂದರೆ ಒಂದು ಮಿಕ್ಸರು ಮನೆಗೆ ತಂದು ಹೆಂಡತಿ ಶಮಶಾದಬಿಯ ಮುಂದೆ ಇಡುತ್ತಿದ್ದ. ಅವಳು ಒಣ ಕೊಬ್ಬರಿ ಹಾಕಿ ತಿರುಗಿಸಿ, ವಾಸನೆ ನೋಡಿ, “ಮೋಟಾರ ಕಮರಾಕತ್ತೈತಿ” ಅಂದರೆ ಮರುದಿನ ಓಣಿಗಳಲ್ಲಿ, “ಹೊಸ ಮಿಕ್ಸರ ಐತಿ, ಸ್ಟೇಷನ್ ರೋಡಿನ್ಯಾಗ ಐತಿ” ಎಂದಷ್ಟೇ ಕೇಳುತ್ತಿತ್ತು. ಸೀರೆಯ ಸೇಲು ಬಂದರೆ ಎದುರು ಮನೆಯ ನೀಲಗಂಗವ್ವನ ಹತ್ತಿರ ಒಯ್ಯುತ್ತಿದ್ದ. ನೀಲಗಂಗವ್ವ ಕೈಮಗ್ಗದ ಹೆಂಗಸು. ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು, ಹಲಗೆ ತುಳಿದು ತುಳಿದು ನಲವತ್ತು ವರ್ಷ ನೇಯ್ದವಳು. ಸೆರಗನ್ನು ಎರಡು ಬೆರಳಲ್ಲಿ ತಿಕ್ಕಿ, “ಅಣ್ಣಾ, ಇದಕ್ಕ ಐತಿ ಅನ್ನೂದೂ ಹೆಚ್ಚಾತು” ಎಂದು ಮರಳಿ ಕೊಡುತ್ತಿದ್ದಳು. ಗೋವಾ ಪ್ರವಾಸದ ಬಸ್ಸಿನ ಪ್ರಚಾರಕ್ಕೆ ಮುಂಚೆ ಅದರ ಕಡೆಯ ಸೀಟಿನಲ್ಲಿ ಕೂತು ಗೋವಾಕ್ಕೆ ಹೋಗಿಬಂದ. ಬೆನ್ನು ಹಿಡಿದುಕೊಂಡು ಇಳಿದವನು, “ಬಸ್ ಐತಿ. ಸಮುದ್ರನೂ ಐತಿ” ಎಂದು ಸಾರಿದ.

ಒಮ್ಮೆ ಟಾಕೀಸಿನ ಮಾಲಕ ಸಿಟ್ಟಾಗಿದ್ದ. ಮೊದಲ ಆಟ ನೋಡಿ ಹೊರಗೆ ಬಂದ ಅಲ್ಲಾಸಾಬ, “ಹೊಸ ಚಿತ್ರ ಐತಿ. ಮಧ್ಯಾಹ್ನ ಮೂರಕ್ಕ ಐತಿ. ಕುರ್ಚಿ ಛಲೋ ಅದಾವ” ಎಂದು ಊರೆಲ್ಲ ಸಾರಿಬಿಟ್ಟಿದ್ದ.

“ಲೇ ಸಾಬಾ, ಪ್ರಚಾರ ಮಾಡಾಕ ಹೇಳಿದ್ರ ಪಂಚನಾಮೆ ಓದ್ತೀಯಲ್ಲ?”

“ಛಲೋ ಇದ್ದದ್ದನ್ನ ಹೇಳೇನ್ರಿ ಮಾಲಕರ. ಕುರ್ಚಿ ಖರೇನ ಛಲೋ ಅದಾವ.”

ಆದರೂ ಅಂಗಡಿಯವರು ಅವನನ್ನು ಬಿಡಲಿಲ್ಲ. ಅವನು ‘ಬರ್ರಿ’ ಅಂದ ದಿನ ಅಂಗಡಿಯ ಬಾಗಿಲಲ್ಲಿ ಚಪ್ಪಲಿ ಇಡಲು ಜಾಗ ಇರುತ್ತಿರಲಿಲ್ಲ. ಓಣಿಯ ಬಾಯಲ್ಲಿರುವ ಬಸಲಿಂಗಯ್ಯನ ಚಹಾದಂಗಡಿಯಲ್ಲಿ ನಡೆಯುವ ವಾದಗಳೂ ಕಡೆಗೆ ಅವನ ಮುಂದೆಯೇ ಬಂದು ನಿಲ್ಲುತ್ತಿದ್ದವು.

“ಈ ಹೊಸ ಫೋನಿಗೆ ನಾಲ್ಕ ಕ್ಯಾಮೆರಾ ಅದಾವ” ಎಂದು ಓಣಿಯ ಹುಡುಗ ಕಿರಣಕುಮಾರ ಅಂದರೆ, “ನಿನಗಿರೂದು ಒಂದ ಮಾರಿ, ಅದನ್ನ ನಾಲ್ಕರಾಗ ಯಾಕ ನೋಡ್ತೀಯಲೇ” ಎಂದು ಬಸಲಿಂಗಯ್ಯ ಚಹಾ ಸೋಸುತ್ತಲೇ ಕೇಳುತ್ತಿದ್ದ. “ಇರ್ಲಿ, ಅಲ್ಲಾಸಾಬ ಏನಂತಾನ ನೋಡೂಣು” ಎಂಬಲ್ಲಿಗೆ ವಾದ ನಿಲ್ಲುತ್ತಿತ್ತು.

ಹೋದ ವರ್ಷ ಬೇಸಿಗೆಯಲ್ಲಿ ಅಲ್ಲಾಸಾಬನ ಗಂಟಲು ಕಟ್ಟಿತು. ಕಟ್ಟಿದ್ದು ಬಿಡಲಿಲ್ಲ. ಡಾಕ್ಟರು ಒಳಗೆ ದೀಪ ಬಿಟ್ಟು ನೋಡಿ, ಸಣ್ಣದೊಂದು ಗಂಟಿದೆ, ಮಾತು ಕಡಿಮೆ ಮಾಡಿರಿ ಅಂದರು. ಮಾತೇ ಕೆಲಸವಾದವನು ಮಾತು ಕಡಿಮೆ ಮಾಡುವುದು ಹೇಗೆ? ಮಗ ಜಾಹೀದ ಒಂದು ದಾರಿ ಹುಡುಕಿದ. ಹಳೆಯ ಕ್ಯಾಸೆಟ್ಟು, ಪೆನ್‌ಡ್ರೈವಿನಲ್ಲಿದ್ದ ಅಪ್ಪನ ದನಿಯನ್ನೆಲ್ಲ ಕಂಪ್ಯೂಟರಿಗೆ ಉಣಿಸಿದ. ಈಗ ಬೆರಳಿನಿಂದ ಏನು ಬರೆದರೂ ಅದು ಅಲ್ಲಾಸಾಬನ ದನಿಯಲ್ಲಿ ಓದುತ್ತಿತ್ತು. ಈಗಿನ ಒಡಕು ದನಿಯಲ್ಲ, ಹತ್ತು ವರ್ಷದ ಹಿಂದಿನ ತುಂಬಿದ ದನಿ.

“ನೀವು ಆರಾಮ ಕುಂಡ್ರಿ ಅಬ್ಬಾ. ನಿಮ್ಮ ದನಿ ದುಡೀತೈತಿ.”

ಅಲ್ಲಾಸಾಬ ಒಂದೇ ಕರಾರು ಹಾಕಿದ. “ನನ್ನ ಕೇಳದ ಅದರ ಬಾಯಿಂದ ‘ಬರ್ರಿ’ ಅನ್ನಿಸಬ್ಯಾಡ.”

“ಆತ್ರಿ” ಅಂದ ಜಾಹೀದ.

ಮೊದಲ ದಿನ ಆಟೋ ಮನೆಯ ಮುಂದಿನಿಂದಲೇ ಹೋಯಿತು. ಅಲ್ಲಾಸಾಬ ಒಳಗೆ ಚಹಾ ಕುಡಿಯುತ್ತಿದ್ದ. ಅವನ ದನಿ ಓಣಿಯಲ್ಲಿ ಹಾಯ್ದು ಹೋಗುತ್ತಿತ್ತು. ಶಮಶಾದಬಿ ಅವನ ಬಾಯಿ ನೋಡಿದಳು, ಬಾಗಿಲು ನೋಡಿದಳು. “ನನಗಿದು ಬರೋಬ್ಬರಿ ಅನ್ನಿಸವಲ್ದು” ಅಂದು ಕಪ್ಪು–ಬಸಿ ತೆಗೆದುಕೊಂಡು ಒಳಗೆ ಹೋದಳು.

ಎರಡು ತಿಂಗಳು ಕರಾರು ನಡೆಯಿತು. ಮೂರನೆಯ ತಿಂಗಳು ಒಂದು ಅಂಗಡಿಯವನು ಕಾಲು ಒತ್ತುವ ಮಷಿನ್ ತಂದ. ಬೂಟಿನ ಹಾಗಿದ್ದ ಅದರೊಳಗೆ ಕಾಲಿಟ್ಟು ಗುಂಡಿ ಒತ್ತಿದರೆ ಬಿಸಿಯಾಗುತ್ತ, ನಡುಗುತ್ತ, ನೋವು ಇಳಿಸುತ್ತದಂತೆ. ‘ಬರ್ರಿ’ ಇಲ್ಲದಿದ್ದರೆ ಪ್ರಚಾರವೇ ಬೇಡ ಎಂದು ಅಂಗಡಿಯವನು ಹಟ ಹಿಡಿದ. ಜಾಹೀದ ಅಪ್ಪನನ್ನು ಕೇಳದೆ ಆ ಮಾತನ್ನು ಬರೆದುಬಿಟ್ಟ.

ಆ ದಿನ ಅಲ್ಲಾಸಾಬ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದ. ದೂರದಿಂದ ಕೇಳಿಸಿತು. “ಮೊಣಕಾಲ ನೋವು, ಪಾದದ ಜೋಮು, ಎಲ್ಲಾದಕ್ಕೂ ಒಂದ ಮಷಿನ್. ತಾಯಂದಿರ, ಅಕ್ಕಂದಿರ, ಬರ್ರಿ, ಬರ್ರಿ.” ಅವನು ಈ ಮಷಿನ್ನನ್ನು ನೋಡಿರಲಿಲ್ಲ. ಎದ್ದು ಹೋಗಿ ಆಟೋ ನಿಲ್ಲಿಸಬಹುದಿತ್ತು. ಓಣಿಯ ತಿರುವಿನವರೆಗೆ ಹತ್ತು ಹೆಜ್ಜೆ. ಏಳಲಿಲ್ಲ. ಆ ‘ಬರ್ರಿ’ ಅಷ್ಟು ಚೆಂದ ಕೇಳಿಸಿತ್ತು. ಕಡೆಯಲ್ಲಿ ಸ್ವಲ್ಪ ಎಳೆದು, ಮನೆಯ ಹಿರಿಯ ಊಟಕ್ಕೆ ಕರೆದ ಹಾಗೆ. ತನ್ನ ಗಂಟಲಿನಿಂದ ಇನ್ನು ಎಂದೂ ಹೊರಡದ ಆ ದನಿಯನ್ನು ಅಲ್ಲಾಸಾಬ ಕಣ್ಣು ಮುಚ್ಚಿ ಕೇಳಿದ. ಆಟೋ ದೂರ ಹೋಯಿತು.

ನೀಲಗಂಗವ್ವನೂ ಮಗ್ಗದ ಕುಣಿಯಲ್ಲಿ ಕೂತು ಅದನ್ನು ಕೇಳಿದಳು. ಅವಳಿಗೆ ಸಕ್ಕರೆ ಕಾಯಿಲೆ. ಪಾದಗಳು ವರ್ಷದಿಂದ ಜೋಮು. ಹಲಗೆ ತುಳಿದದ್ದು ಕಾಲಿಗೆ ತಿಳಿಯದೆ ಕಣ್ಣಿಂದ ನೋಡಿ ತಿಳಿದುಕೊಳ್ಳುತ್ತಿದ್ದಳು. ಮಗಳು ರಂಜನಾ, “ಡಾಕ್ಟರನ್ನ ಒಂದ ಮಾತು ಕೇಳೂಣು ತಡಿಯವ್ವ” ಅಂದಳು. “ಅಲ್ಲಾಸಾಬಣ್ಣ ಬರ್ರಿ ಅಂದಾನ. ಅವ ನೋಡದ ಅಂತಾನೇನು?” ಎಂದು ಸಂಜೆಯೊಳಗೆ ಮಷಿನ್ ತರಿಸಿಕೊಂಡಳು.

ಮೂರನೆಯ ದಿನ ಮಧ್ಯಾಹ್ನ ಟಿವಿಯ ಧಾರಾವಾಹಿ ನೋಡುತ್ತ ಕಾಲಿಟ್ಟು ಕೂತವಳಿಗೆ ಸುಟ್ಟ ವಾಸನೆ ಬಂತು. “ರಂಜೂ, ಒಲಿ ಮ್ಯಾಲೆ ಏನರ ಇಟ್ಟೀಯೇನ?” ಎಂದು ಕೂಗಿದಳು. ಒಲೆಯ ಮೇಲೆ ಏನೂ ಇರಲಿಲ್ಲ. ಜೋಮು ಹಿಡಿದ ಪಾದ ಸುಟ್ಟರೂ ಅವಳಿಗೆ ಗೊತ್ತಾಗಿರಲಿಲ್ಲ. ಗಾಯ ಮಾಯಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಬಲಗಾಲಿನ ಮೂರು ಬೆರಳು ತೆಗೆದರು.

ಅಲ್ಲಾಸಾಬ ನೋಡಲು ಹೋದಾಗ ಅವಳು ಮಗ್ಗದ ಪಕ್ಕದ ಹಾಸಿಗೆಯಲ್ಲಿದ್ದಳು. ಅರ್ಧ ನೇಯ್ದ ಸೀರೆ ಹಾಗೆಯೇ ನಿಂತಿತ್ತು.

“ಕುಂಡ್ರಣ್ಣ. ರಂಜೂ, ಚಾ ಇಡ” ಅಂದಳು. ಸ್ವಲ್ಪ ಹೊತ್ತಿಗೆ ತಾನೇ ಅಂದಳು, “ನೀ ಬರ್ರಿ ಅಂದಿ, ತರಿಸಿದೆ. ನಿನ್ನ ಕಾಲಿಗೆ ಬಿಸಿ ತಿಳಿದಿರಬೇಕು, ನನಗ ತಿಳೀಲಿಲ್ಲ. ನಿನ್ನ ತಪ್ಪೇನೈತಿ?”

“ಅದು ನಾ ಅಲ್ಲ ತಂಗಿ. ಮಷಿನ್ ದನಿ” ಅಂದ ಅಲ್ಲಾಸಾಬ. ಕೇಳಿಸಿಕೊಂಡೂ ಸುಮ್ಮನಿದ್ದೆ ಎಂಬ ಮಾತು ನಾಲಿಗೆಯ ತನಕ ಬಂದು ನಿಂತಿತು. ಚಹಾ ಕುಡಿಯದೆ ಎದ್ದ.

ಅಂದು ಅಲ್ಲಾಸಾಬನ ಮನೆಯಲ್ಲಿ ಅಪ್ಪ–ಮಗನ ಮಾತು ಹತ್ತಿತು.

“ಅಬ್ಬಾ, ಫೋನಿನ್ಯಾಗ, ಟಿವಿಯಾಗ, ಬಸ್ಸಿನ ಬೆನ್ನಿನ ಮ್ಯಾಲೆ, ಎಲ್ಲಾರೂ ಬರ್ರಿ ಅಂತಾರ. ತಾವು ತಲಿಗೆ ಹಚ್ಚಲಾರದ ಎಣ್ಣಿಗೂ ಸಿನಿಮಾದವ್ರು ಬರ್ರಿ ಅಂತಾರ. ಖರೆ ಅಂತ ಯಾರು ನಂಬ್ತಾರ? ನಂಬೋರು ನಮ್ಮ ಓಣ್ಯಾಗಷ್ಟ.”

“ನಾವಿರೂದೂ ಆ ಓಣ್ಯಾಗ” ಅಂದ ಅಲ್ಲಾಸಾಬ.

ಜಾಹೀದ ತಲೆ ತಗ್ಗಿಸಿದ. ಕರಾರು ಮುರಿದದ್ದು ಅವನಿಗೂ ಚುಚ್ಚುತ್ತಿತ್ತು. ಆದರೆ ಅಷ್ಟರಲ್ಲಿ ಅಂಗಡಿಯವನು ಆ ದನಿಯನ್ನು ಫೋನಿನಿಂದ ಫೋನಿಗೆ ಹರಿಬಿಟ್ಟಿದ್ದ. ಆಟೋ ನಿಲ್ಲಿಸಿದರೂ ದನಿ ನಿಲ್ಲುವಂತಿರಲಿಲ್ಲ.

ಅಲ್ಲಾಸಾಬ ಮತ್ತೆ ಕರ್ಚೀಪು ಸುತ್ತಿ ಮೈಕು ಹಿಡಿದ. ಡಾಕ್ಟರ ಮಾತು, ಹೆಂಡತಿಯ ಅಳು, ಎರಡನ್ನೂ ಕೇಳಲಿಲ್ಲ. ಜಾಹೀದ ಆಟೋ ನಡೆಸಿದ. “ಆ ಮಷಿನ್ ತರಬ್ಯಾಡ್ರಿ, ಜೋಮು ಇದ್ದವರು ಕಾಲಿಡಬ್ಯಾಡ್ರಿ” ಎಂದು ಒಡಕು ಗಂಟಲಿನಿಂದ ಶಿರಹಟ್ಟಿ ಸುತ್ತಿ ಬೆಳ್ಳಟ್ಟಿಗೆ ಬಂದಾಗ ಮಾತು ಉಸಿರಾಗಿ ಹೋಗುತ್ತಿತ್ತು. ಸೊಪ್ಪು ಮಾರುವ ಕರಿಯವ್ವ ಎಂಬ ಮುದುಕಿ ಆಟೋದ ಪರದೆ ಸರಿಸಿ ಒಳಗೆ ಇಣುಕಿದಳು.

“ಯಾರಪಾ ನೀ? ಅಲ್ಲಾಸಾಬ ಮೊನ್ನೇನ ಬರ್ರಿ ಅಂದಾನ. ನೀ ಬ್ಯಾಡ ಅಂತಿ.”

“ನಾನ ಅಲ್ಲಾಸಾಬ, ಯವ್ವಾ.”

“ಮೂವತ್ತ ವರ್ಷ ಕೇಳೇನಿ, ಅವನ ದನಿ ನನಗ ಗೊತ್ತಿಲ್ಲೇನು? ಎದುರಂಗಡ್ಯಾವ್ರು ಚಾ ಕುಡಿಸಿ ಕಳಿಸ್ಯಾರೇನು ನಿನ್ನ?” ಸುತ್ತ ನಿಂತವರು ನಕ್ಕರು. ಮುದುಕಿ ಪರದೆ ಬಿಟ್ಟು ಹೋದಳು.

ಮನೆಗೆ ಬಂದು ಅಲ್ಲಾಸಾಬ ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದು ಮಗನ ಕೈಗಿಟ್ಟ. “ಅದರ ದನಿಯಿಂದನ ಹೇಳಿಸು. ಒಂದ ಅಕ್ಷರ ಬಿಡಬ್ಯಾಡ.”

ಮರುದಿನ ಆ ತುಂಬಿದ, ಚೆಂದದ ದನಿ ಬೆಟಗೇರಿಯಿಂದ ಮುಂಡರಗಿಯವರೆಗೆ ಸಾರಿತು. “ನಾನು ಅಲ್ಲಾಸಾಬ. ಈ ದನಿ ಕಂಪ್ಯೂಟರಿನದು. ಕಾಲಿನ ಮಷಿನ್ನಿಗೆ ಬರ್ರಿ ಅಂದದ್ದು ಇದ. ನಾನು ಆ ಮಷಿನ್ ನೋಡಿರಲಿಲ್ಲ. ಬರ್ರಿ ಅಂದದ್ದನ್ನ ಮನಿಯಾಗ ಕುಂತು ಕೇಳಿದೆ, ಸುಮ್ಮನಿದ್ದೆ. ಒಬ್ಬ ತಾಯಿ ಕಾಲು ಸುಟ್ಟೈತಿ. ಇನ್ನ ಈ ದನಿ ಏನು ಹೇಳಿದ್ರೂ ಹೋಗಬ್ಯಾಡ್ರಿ.”

ಚಹಾದಂಗಡಿಯಲ್ಲಿ ಇದಕ್ಕೂ ವಾದ ನಡೆಯಿತು. “ಇದೂ ಒಂದು ಹೊಸ ನಮೂನಿ ಪ್ರಚಾರ ಇರಬೇಕು. ನಾಳೆ ನೋಡ್ರಿ, ಮತ್ತೊಂದ ಮಷಿನ್ ಬರತೈತಿ” ಎಂದ ಕಿರಣಕುಮಾರ. “ಅಷ್ಟು ಚೆಂದ ಹೇಳಿದ್ರ ಯಾರಿಗೆ ಖರೆ ಅನ್ನಸ್ತೈತಿ” ಎಂದು ಬಸಲಿಂಗಯ್ಯ ಹೇಳಿದ. ಅಂದು ಅವನು ತಮಾಷೆ ಮಾಡಲಿಲ್ಲ. ಕೆಲವರು ಮಷಿನ್ ಮರಳಿ ಕೊಟ್ಟರು, ಕೆಲವರು ಇಟ್ಟುಕೊಂಡರು. ಜಾಹೀದ ಸಂಜೆ ಅಪ್ಪನ ಎದುರೇ ಕಂಪ್ಯೂಟರಿನಿಂದ ಆ ದನಿಯನ್ನು ಅಳಿಸಿದ. ಫೋನುಗಳಲ್ಲಿ ಹರಿದದ್ದು ಹರಿಯುತ್ತಲೇ ಇತ್ತು.

ಗಂಟಲಿನ ಗಂಟು ಅಷ್ಟರಲ್ಲಿ ಬೆಳೆದಿತ್ತು. ಹುಬ್ಬಳ್ಳಿಯಲ್ಲಿ ಆಪರೇಶನ್, ದನಿಯ ಪೆಟ್ಟಿಗೆಯನ್ನೇ ತೆಗೆಯಬೇಕು ಎಂದಾಯಿತು. ಅಲ್ಲಿಂದ ಅಲ್ಲಾಸಾಬ ಮರಳಲಿಲ್ಲ ಎಂಬುದು ಈಗ ಓಣಿಗೆಲ್ಲ ಗೊತ್ತಿರುವ ಸಂಗತಿ. ಹೊರಟ ಬೆಳಿಗ್ಗೆ ಅದು ಯಾರಿಗೂ ಗೊತ್ತಿರಲಿಲ್ಲ. ಶಮಶಾದಬಿ ಬುತ್ತಿಗಂಟು ಹಿಡಿದು ಕಾರಿನಲ್ಲಿ ಕೂತಿದ್ದಳು. ಜಾಹೀದ ಚೀಲ ಇಡುತ್ತಿದ್ದ. ಅಲ್ಲಾಸಾಬ ಮನೆಯ ಮೆಟ್ಟಿಲಿಳಿದು, ಕಾರು ಹತ್ತದೆ, ಎದುರು ಮನೆಗೆ ನಡೆದ.

ನೀಲಗಂಗವ್ವ ಕಟ್ಟೆಯ ಮೇಲೆ ಪಟ್ಟಿ ಸುತ್ತಿದ ಕಾಲು ಚಾಚಿ ಕೂತಿದ್ದಳು.

“ಕೇಳಿಸಿಕೊಂಡು ಸುಮ್ಮನಿದ್ದೆ ಅಂತ ಹೇಳಿತು ಆ ದನಿ. ಖರೇನ?”

ಅಲ್ಲಾಸಾಬ ತಲೆಯಾಡಿಸಿದ.

“ತಲಿ ಆಡಿಸಬ್ಯಾಡ. ಊರಿಗೆಲ್ಲ ಮಷಿನ್ ಹೇಳೈತಿ. ನನಗ ನೀ ಹೇಳು.”

ಅವನು ಬಹಳ ಹೊತ್ತು ಉಸಿರು ಕೂಡಿಸಿಕೊಂಡ. “ಕೇಳಿದೆ ತಂಗಿ. ಚೆಂದ ಅನ್ನಿಸ್ತು. ಏಳಲಿಲ್ಲ.” ಮೂರು ಮಾತಿಗೆ ಮೂರು ಸಲ ದನಿ ಒಡೆಯಿತು.

ನೀಲಗಂಗವ್ವ ತನ್ನ ಪಾದ ನೋಡಿಕೊಂಡಳು. ಆತು ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಕಾರಿನ ಹಾರನ್ನು ಒಮ್ಮೆ ಸಣ್ಣಗೆ ಕೂಗಿತು.

“ಹುಬ್ಬಳ್ಳಿ ದವಾಖಾನಿ ಹೆಂಗೈತಿ? ಕಾಲಿನ ಗಾಯ ಮಾಯ್ದ್ರ ರಂಜೂನ ಕರಕೊಂಡು ನೋಡಾಕ ಬರ್ಲೇನು?”

ಅಲ್ಲಾಸಾಬ ಆ ದವಾಖಾನೆಯನ್ನು ಇನ್ನೂ ನೋಡಿರಲಿಲ್ಲ.

“ದವಾಖಾನಿ ಐತಿ” ಅಂದ. ಮತ್ತೆ ಉಸಿರು ತೆಗೆದುಕೊಂಡ. “ಹುಬ್ಬಳ್ಳಿಯಾಗ ಐತಿ.”

ನೀಲಗಂಗವ್ವ ಮುಖ ಎತ್ತಿದಳು. ನಗು ಬಂತೋ ಅಳು ಬಂತೋ, ಸೆರಗು ಬಾಯಿಗೆ ಹಿಡಿದದ್ದರಿಂದ ತಿಳಿಯಲಿಲ್ಲ. ಅಲ್ಲಾಸಾಬ ಮುಚ್ಚಿದ ತನ್ನ ಮನೆಯ ಬಾಗಿಲನ್ನೊಮ್ಮೆ ನೋಡಿ, ಓಣಿ ದಾಟಿ, ಕಾರು ಹತ್ತಿದ.